ಗೃಹಪ್ರವೇಶ ಮುಗಿಸಿ ಬಂದವರ ಫೋನು

ಆಷಾಢ ಕಳೆದು ಶ್ರಾವಣ ಬಂತೆಂದರೆ ನಮ್ಮ ಕಡೆ ಗೃಹಪ್ರವೇಶಗಳು ಶುರು. ಅದರ ಹಿಂದೆಯೇ ನನಗೆ ಫೋನುಗಳೂ ಶುರು. ಭಾನುವಾರ ಯಾರದೋ ಹೊಸ ಮನೆಯಲ್ಲಿ ಊಟ ಮುಗಿಸಿ ಬಂದಿರುತ್ತಾರೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆಲ್ಲ ಕರೆ ಬರುತ್ತದೆ. "ಮೇಡಂ, ಒಂದ್ಸಲ ನಮ್ಮನೆ ನೋಡಿ ಹೋಗ್ತೀರಾ? ಸ್ವಲ್ಪ ಆಲ್ಟರೇಷನ್ ಮಾಡಿಸಬೇಕಿತ್ತು."

ಏನು ತೊಂದರೆ ಅಂತ ಕೇಳುತ್ತೇನೆ. ಸೋರುತ್ತಾ? ಇಲ್ಲ. ಬಿರುಕು ಬಿಟ್ಟಿದೆಯಾ? ಇಲ್ಲ. ಜಾಗ ಸಾಲುತ್ತಿಲ್ಲವಾ? ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, "ಯಾಕೋ ಮನೆ ಹಳೇದಾಯ್ತು ಅನ್ನಿಸ್ತಿದೆ ಮೇಡಂ."

ಶನಿವಾರದ ತನಕ ಹಾಗೆ ಅನ್ನಿಸಿರಲಿಲ್ಲ.

ನಾನು ದಾವಣಗೆರೆಯಲ್ಲಿ ಸಿವಿಲ್ ಇಂಜಿನಿಯರ್. ಹೊಸ ಮನೆ ಕಟ್ಟಿಸುತ್ತೇನೆ, ಹಳೆ ಮನೆ ರಿಪೇರಿ ಮಾಡಿಸುತ್ತೇನೆ. ಆಲ್ಟರೇಷನ್ ಕೆಲಸ ಬಂದರೆ ನನ್ನ ಹತ್ತಿರ ಇರುವ ಗಾರೆಯವರಿಗೂ ನನಗೂ ಅದೇ ಅನ್ನ. ಆದರೂ ಇಷ್ಟು ವರ್ಷದಲ್ಲಿ ಒಂದು ಮಾತನ್ನು ಎಷ್ಟು ಸಲ ಹೇಳಿದ್ದೇನೆ ಅಂದರೆ, ಬರೆದೇ ಇಟ್ಟುಬಿಡೋಣ ಅನ್ನಿಸಿತು. ಇನ್ನೊಬ್ಬರ ಮನೆ ನೋಡಿ ಬಂದ ಕಣ್ಣಿನಲ್ಲಿ ನಿಮ್ಮ ಮನೆಯ ಗೋಡೆ ಮುಟ್ಟಬೇಡಿ.

ಹೆಚ್ಚಾಗಿ ಕೇಳುವುದು ಓಪನ್ ಕಿಚನ್. ತಂಗಿಯ ಬೆಂಗಳೂರಿನ ಫ್ಲ್ಯಾಟಿನಲ್ಲಿ ಇದೆ, ಭಾವನ ಹೊಸ ಮನೆಯಲ್ಲಿ ಇದೆ. "ಅಡುಗೆಮನೆಗೂ ಹಾಲಿಗೂ ನಡುವೆ ಇರೋದು ಇದೊಂದೇ ಗೋಡೆ ಮೇಡಂ, ಇದನ್ನ ತೆಗೆದುಬಿಟ್ರೆ ಎಷ್ಟು ದೊಡ್ಡದಾಗಿ ಕಾಣುತ್ತೆ!" ಅಂತ ಗೋಡೆಯನ್ನು ತಟ್ಟಿ ತೋರಿಸುತ್ತಾರೆ. ಇಲ್ಲೇ ನಾನು ನಿಲ್ಲಿಸಿ, ನಿಧಾನವಾಗಿ ಹೇಳಬೇಕಾಗುತ್ತದೆ. ಇಲ್ಲೂ ನಿಧಾನವಾಗಿಯೇ ಹೇಳುತ್ತೇನೆ.

ಮನೆ ನಿಲ್ಲುವುದರಲ್ಲಿ ಎರಡು ಬಗೆ. ನಿಮ್ಮ ತಂಗಿಯ ಫ್ಲ್ಯಾಟು ಕಾಲಂ ಮತ್ತು ಬೀಮಿನ ಮೇಲೆ, ಅಂದರೆ ಕಾಂಕ್ರೀಟಿನ ಕಂಬ ಮತ್ತು ತೊಲೆಗಳ ಮೇಲೆ ನಿಂತಿದೆ. ಸ್ಲ್ಯಾಬಿನ ಭಾರ ಬೀಮಿಗೆ, ಬೀಮಿನಿಂದ ಕಾಲಂಗೆ, ಕಾಲಂನಿಂದ ನೆಲಕ್ಕೆ ಹೋಗುತ್ತದೆ. ನಡುವೆ ಇರುವ ಎಷ್ಟೋ ಗೋಡೆಗಳು ಬರೀ ಮರೆಗೆ ಇರುವಂಥವು. ಅಂಥದನ್ನು ಕೇಳಿ, ನೋಡಿ ತೆಗೆಯಬಹುದು. ನೀವಿರುವ 30-40 ಸೈಟಿನ ಹಳೆ ಮನೆಯಲ್ಲಿ ಕಾಲಂ ಇಲ್ಲ. ಸೈಜುಗಲ್ಲಿನ ಪಾಯ, ಅದರ ಮೇಲೆ 9 ಇಂಚಿನ ಇಟ್ಟಿಗೆ ಗೋಡೆ, ಗೋಡೆಯ ಮೇಲೆ ಆರ್‌ಸಿಸಿ. ಅಷ್ಟೇ. ಅಲ್ಲಿ ಗೋಡೆಯೇ ಕಾಲು. ನೀವು ತಟ್ಟಿ ತೋರಿಸಿದ ಆ ಒಂದು ಗೋಡೆ, ಆಚೆ ಈಚೆಯ ಎರಡು ಕೋಣೆಗಳ ಸ್ಲ್ಯಾಬನ್ನು ತಲೆಯ ಮೇಲೆ ಹೊತ್ತುಕೊಂಡು ನಿಂತಿದೆ.

ಎಷ್ಟು ಭಾರ? 12 ಅಡಿಗೆ 14 ಅಡಿ ಕೋಣೆ ಅಂತ ಇಟ್ಟುಕೊಳ್ಳಿ. ಮೇಲೆ 5 ಇಂಚಿನ ಸ್ಲ್ಯಾಬು. ಆ ಕಾಂಕ್ರೀಟು ಒಂದೇ ಸುಮಾರು 5 ಟನ್ ತೂಗುತ್ತದೆ. ಅದರ ಮೇಲೆ ಬಿಸಿಲು ಮಳೆ ತಡೆಯಲು ಹಾಕಿದ ಗಾರೆ, ನೀರಿನ ಟ್ಯಾಂಕು, ಬಟ್ಟೆ ಒಣಹಾಕಲು ಹೋಗುವ ನೀವು. ಸ್ಲ್ಯಾಬಿನೊಳಗೆ ಕಬ್ಬಿಣ ಕಟ್ಟುವಾಗಲೇ "ಈ ಗೋಡೆ ಇಲ್ಲಿರುತ್ತದೆ" ಅಂತ ನಂಬಿ ಕಟ್ಟಿರುತ್ತಾರೆ. ಗೋಡೆ ತೆಗೆದರೆ ಆ ನಂಬಿಕೆ ಹೋಯಿತು. ಸ್ಲ್ಯಾಬು ಅದೇ ಇರುತ್ತದೆ, ಆದರೆ ಅದು ದಾಟಬೇಕಾದ ದೂರ ಎರಡು ಪಟ್ಟಾಗಿರುತ್ತದೆ.

ತೆಗೆಯಲೇಬಾರದು ಅಂತಲ್ಲ. ಸ್ಲ್ಯಾಬಿಗೆ ಕೆಳಗಿನಿಂದ ಜಾಕಿಯ ಆಸರೆ ಕೊಟ್ಟು, ಲೆಕ್ಕ ಹಾಕಿ, ಬೀಮು ಕೂರಿಸಿ ತೆಗೆಯುವ ದಾರಿ ಇದೆ. ಎಲ್ಲ ಗೋಡೆಗೂ ಆ ದಾರಿ ಇರುವುದಿಲ್ಲ. ಸ್ಥಳಕ್ಕೆ ಬಂದು ನೋಡದೆ ಯಾವ ಇಂಜಿನಿಯರೂ ಹೂಂ ಅನ್ನಬಾರದು, ಫೋಟೊ ನೋಡಿ ನಾನೂ ಅನ್ನುವುದಿಲ್ಲ. 4.5 ಇಂಚಿನ ಗೋಡೆ ಆದರೆ ಸಾಮಾನ್ಯವಾಗಿ ಬರೀ ಮರೆ. ಹಾಗಂತ ಟೇಪು ಹಿಡಿದು ಅಳೆದು ನೀವೇ ತೀರ್ಮಾನ ಮಾಡಬೇಡಿ.

ಒಬ್ಬರು ಮಾಡಿದ್ದರು. ನನ್ನನ್ನು ಕರೆದದ್ದು ಗೋಡೆ ಹೋದ ಇಪ್ಪತ್ತು ದಿನಕ್ಕೆ, ಅದೂ ಬೇರೆ ಕಾರಣಕ್ಕೆ. "ಬೆಡ್‌ರೂಮ್ ಬಾಗಿಲು ಕೂರ್ತಾ ಇಲ್ಲ, ಬಡಗಿ ಎರಡು ಸಲ ಉಜ್ಜಿದ್ರೂ ಹಿಡೀತಾ ಇದೆ" ಅಂದರು. ಹೋಗಿ ನೋಡಿದೆ. ಹಾಲಿನ ನಡುವೆ ಮೇಲೆ ಒಂದು ಗೀಟು, ಗೋಡೆ ಇದ್ದ ಜಾಗದ ಉದ್ದಕ್ಕೂ. ಅದರ ಕೆಳಗೆ ಹೊಸ ಡೈನಿಂಗ್ ಟೇಬಲ್, ಮೇಲೆ ಸುಣ್ಣದ ಪುಡಿ ಸಣ್ಣಗೆ ಉದುರಿತ್ತು. ಮನೆಯಾಕೆ ದಿನವೂ ಒರೆಸುತ್ತಿದ್ದರಂತೆ, ಎಲ್ಲಿಂದ ಬೀಳುತ್ತೆ ಅಂತ ಗೊತ್ತಾಗಿರಲಿಲ್ಲ. ಎರಡು ವರ್ಷದ ಮಗು ಆ ಟೇಬಲ್ಲಿನ ಕೆಳಗೆ ಕೂತು ಆಡುತ್ತಿತ್ತು. ಮೊದಲು ಮಗುವನ್ನು ಎತ್ತಿಕೊಂಡು ಹೊರಗೆ ಬಂದೆ. ಆ ದಿನವೇ ಜಾಕಿ ಕೊಡಿಸಿದೆವು. ಯಾರಿಗೂ ಏನೂ ಆಗಲಿಲ್ಲ. ಆದರೆ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗೋಡೆ ಒಡೆಸಿದ್ದು ಯಾಕೆ ಅಂತ ಕೇಳಿದ್ದಕ್ಕೆ ಆ ಯಜಮಾನರು ಹೇಳಿದ್ದು ಇಷ್ಟೇ: "ನಮ್ಮ ಅಣ್ಣನ ಮನೆ ಹಾಗಿದೆ."

ಅಣ್ಣನ ಮನೆ ಬೇರೆ ಕಾಲಿನ ಮೇಲೆ ನಿಂತಿದೆ. ನಾನು ಹೇಳಬೇಕಾದ್ದು ಇಷ್ಟೇ, ಆದರೆ ಇದೊಂದೇ ಯಾರ ಕಿವಿಗೂ ಇಳಿಯುವುದಿಲ್ಲ.

ಮಹಡಿಯ ವಿಷಯವೂ ಹೀಗೇ. ಪಕ್ಕದವರು ಎರಡನೇ ಮಹಡಿ ಎಬ್ಬಿಸಿದರು, ನಾವೂ ಎಬ್ಬಿಸೋಣ ಅಂತಾರೆ. ಅವರು ಪಾಯ ಹಾಕುವಾಗಲೇ ಅದಕ್ಕೆ ತಕ್ಕ ಹಾಗೆ ಹಾಕಿದ್ದರೋ ಏನೋ. ನಮ್ಮ ಊರಲ್ಲಿ ಒಂದು ಬಡಾವಣೆಯಲ್ಲಿ ಕೆಂಪು ಮಣ್ಣಿದ್ದರೆ ಇನ್ನೊಂದರಲ್ಲಿ ಎರೆ ಮಣ್ಣು. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರಿಸುವಷ್ಟು ಬಾಯಿ ಬಿಡುತ್ತದೆ. ಅಂಥ ನೆಲದ ಮೇಲೆ ಮನೆ ನಿಲ್ಲಿಸಲೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ತಳದಲ್ಲಿ ಗಡಿಗೆಯ ಹಾಗೆ ಉಬ್ಬಿದ ಕಾಂಕ್ರೀಟ್ ಕಂಬಗಳನ್ನು ರೂಪಿಸಿದರು. ಕಂಬದ ಬುಡ, ಉಬ್ಬಿ ಕುಗ್ಗುವ ಮಣ್ಣನ್ನು ದಾಟಿ ಕೆಳಗೆ ಗಟ್ಟಿಯಾಗಿ ಕೂರುತ್ತದೆ. ಒಬ್ಬರ ದುಡ್ಡು ಹೀಗೆ ನೆಲದ ಒಳಗೇ ಹೋಗಿರುತ್ತದೆ, ಮೇಲೆ ನೋಡಿದರೆ ಮನೆ ಸಾದಾ. ಇನ್ನೊಬ್ಬರಿಗೆ ಗಟ್ಟಿ ನೆಲ ಸಿಕ್ಕಿರುತ್ತದೆ, ಉಳಿದ ದುಡ್ಡಲ್ಲಿ ಮುಂದೆ ಕಲ್ಲಿನ ಎಲಿವೇಶನ್ ಮಾಡಿಸಿರುತ್ತಾರೆ. ರಸ್ತೆಯಲ್ಲಿ ನಿಂತು ಎರಡನ್ನೂ ನೋಡಿ, "ಇಬ್ರೂ ಅಷ್ಟೇ ಖರ್ಚು ಮಾಡಿದ್ದಾರೆ, ನಮ್ಮದು ಯಾಕೆ ಹೀಗೆ" ಅಂತ ಹೆಂಡತಿಯೆದುರು ಕುಗ್ಗಿಹೋದ ಒಬ್ಬ ಯಜಮಾನರನ್ನು ನಾನು ನೋಡಿದ್ದೇನೆ. ಅವರ ಮನೆಯ ಪಾಯ ನಾನೇ ಹಾಕಿಸಿದ್ದು. ಅಷ್ಟು ಒಳ್ಳೆ ಪಾಯ ಆ ಬೀದಿಯಲ್ಲಿ ಇನ್ನೊಂದಿಲ್ಲ.

ಸಾಲದ ಲೆಕ್ಕ ನನ್ನ ವೃತ್ತಿಯದಲ್ಲ, ಬ್ಯಾಂಕಿನವರನ್ನು ಕೇಳಿ. ಒಂದು ಅಂದಾಜು ಮಾತ್ರ ಹೇಳುತ್ತೇನೆ. 15 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ ಅಂದರೆ ತಿಂಗಳ ಕಂತು 13 ಸಾವಿರದ ಹತ್ತಿರ. ಮುಗಿಯುವಷ್ಟರಲ್ಲಿ ಕಟ್ಟಿದ್ದು 31 ಲಕ್ಷ ದಾಟಿರುತ್ತದೆ. ಗೃಹಪ್ರವೇಶದ ದಿನ ಬಾಗಿಲಿಗೆ ಮಾವಿನ ತೋರಣ ಕಟ್ಟಿರುತ್ತಾರೆ, ಕಂತಿನ ಪುಸ್ತಕವನ್ನು ಯಾರೂ ಕಟ್ಟಿರುವುದಿಲ್ಲ ಅಲ್ವಾ?

ನನ್ನ ಮನಸ್ಸಿಗೆ ತೀರ ಹತ್ತಿರವಾದ ಒಂದು ಮನೆ ಇದೆ. ನಿವೃತ್ತ ಮೇಷ್ಟ್ರು, ಅವರ ಹೆಂಡತಿ, ಇಬ್ಬರೇ. 1990ರ ಸುಮಾರಿಗೆ ಕಟ್ಟಿದ ಮನೆ. ಅಮ್ಮನವರ ತಮ್ಮ ದೊಡ್ಡ ಮನೆ ಕಟ್ಟಿಸಿದ್ದ. ಎರಡು ಮಹಡಿ ಎತ್ತರದ ಹಾಲು, ನಾಲ್ಕು ಅಡಿಗೆ ಎರಡು ಅಡಿ ಟೈಲ್ಸು, ಓಪನ್ ಕಿಚನ್. ನೋಡಿ ಬಂದ ಮೇಲೆ ಅಮ್ಮ ಸರಿಯಾಗಿ ಊಟ ಮಾಡಿರಲಿಲ್ಲವಂತೆ. ಮೇಷ್ಟ್ರೇ ನನಗೆ ಫೋನ್ ಮಾಡಿದರು. "ಇವಳಿಗೆ ಜೀವಮಾನದಲ್ಲಿ ಒಂದು ಕೇಳಿದ್ದು ಕೊಡಿಸಲಿಲ್ಲ ಅಂತ ಆಗಬಾರದಮ್ಮ. ಮಗನ ಹೆಸರಲ್ಲಿ ಸಾಲ ತೆಗೀತೀವಿ" ಅಂದರು. ಆ ದನಿ ಕೇಳಿ ನನಗೆ ಬೇಡ ಅನ್ನಲು ಬಾಯಿ ಬರಲಿಲ್ಲ.

ಮನೆ ಒಳಗೆ ಹೋದೆ. ಚಪ್ಪಲಿ ಬಿಟ್ಟು ಕಾಲಿಟ್ಟರೆ ರೆಡ್ ಆಕ್ಸೈಡ್ ನೆಲ. ತಣ್ಣಗೆ ಹತ್ತಿತು. ಇದನ್ನು ಒಮ್ಮೆ ಬಗ್ಗಿ ನೋಡಬೇಕು ನೀವು. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ, ಮಂಡಿಯೂರಿ ಕೂತು, ಕರಣೆಯಲ್ಲಿ ಉಜ್ಜಿ ಉಜ್ಜಿ ನುಣ್ಣಗೆ ಮಾಡುವ ಕೆಲಸ ಅದು. ವರ್ಷ ಕಳೆದ ಹಾಗೆ, ಜನ ಓಡಾಡಿದ ಹಾಗೆ ಹೊಳಪು ಏರುತ್ತದೆ. ದೇವರಮನೆಯ ಮುಂದೆ, ಅಮ್ಮ ದಿನಾ ನಿಲ್ಲುವ ಜಾಗದಲ್ಲಿ ಎರಡು ಪಾದದಷ್ಟು ಅಗಲಕ್ಕೆ ನೆಲ ಕನ್ನಡಿಯಾಗಿತ್ತು. ದೀಪದ ಕುಡಿ ಅದರಲ್ಲಿ ಅಲ್ಲಾಡುತ್ತಿತ್ತು. ಇದನ್ನು ಅಗೆದು ಟೈಲ್ಸ್ ಹಾಕಿ ಅಂತ ಅವರು ಕೇಳುತ್ತಿದ್ದರು. ಇಂಥ ನೆಲ ಮಾಡುವ ಕೈಗಳು ಈಗ ಕಡಿಮೆ. ಒಂದು ಕಡೆ ಒಡೆದರೆ ತೇಪೆಯ ಬಣ್ಣ ಹೊಂದುವುದೂ ಕಷ್ಟ. ನನಗೆ ಸಿಟ್ಟೇ ಬಂತು, ಆದರೆ ಅವರ ಮುಖ ನೋಡಿ ಸುಮ್ಮನಾದೆ.

ಇಂಥವರಿಗೆ ನಾನು ಒಂದು ಕೆಲಸ ಕೊಡುತ್ತೇನೆ. ಒಂದು ನೋಟ್‌ಬುಕ್ಕಿನಲ್ಲಿ ಎಂಟು ದಿನ ಬರೆಯಬೇಕು: ಯಾರು, ಯಾವ ಹೊತ್ತಿನಲ್ಲಿ, ಮನೆಯ ಯಾವ ಜಾಗದಲ್ಲಿ ಇದ್ದರು. ಎಲ್ಲಿ ಕೂತರೆ ಹಿತ ಅನ್ನಿಸಿತು, ಎಲ್ಲಿ ಕಷ್ಟ ಆಯಿತು. ಇನ್ನೊಬ್ಬರ ಮನೆಯ ಹೆಸರು ಅದರಲ್ಲಿ ಬರಬಾರದು. ಎಂಟು ದಿನ ಆದಮೇಲೂ ಗೋಡೆ ಒಡೆಯಬೇಕು ಅನ್ನಿಸಿದರೆ ಖಂಡಿತ ಲೆಕ್ಕ ಹಾಕೋಣ ಅಂತ ಹೇಳಿ ಬರುತ್ತೇನೆ. ಎಷ್ಟೋ ಜನ ಬರೆಯುವುದೇ ಇಲ್ಲ, ಬೇರೆ ಇಂಜಿನಿಯರನ್ನು ಹುಡುಕಿಕೊಳ್ಳುತ್ತಾರೆ. ಮೇಷ್ಟ್ರು ಮಾತ್ರ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪಟ್ಟಿ ಮಾಡಿ ಬರೆದಿಟ್ಟಿದ್ದರು.

ಓದುತ್ತಾ ಹೋದೆ. ಬೆಳಿಗ್ಗೆ ಮುಂದಿನ ಕಟ್ಟೆಯ ಮೇಲೆ ಇಬ್ಬರೂ, ಕಾಫಿ. ಹತ್ತರಿಂದ ಹನ್ನೆರಡೂವರೆ ಅಮ್ಮ ಅಡುಗೆಮನೆಯಲ್ಲಿ, ಮೇಷ್ಟ್ರು ಹಾಲ್‌ನಲ್ಲಿ. ಮಧ್ಯಾಹ್ನ ಮೂರರಿಂದ ಅಮ್ಮ ಮತ್ತೆ ಅಡುಗೆಮನೆ, ಕೆಳಗೆ ಕೂತು ಅಕ್ಕಿ ಆರಿಸುವುದು. ಎಂಟು ದಿನವೂ ಇದೇ. ಆರನೇ ದಿನದ ಪಕ್ಕದಲ್ಲಿ ಅಮ್ಮನ ಅಕ್ಷರ: "ಕೆಳಗೆ ಕೂತರೆ ಹಿತ್ತಲು ಕಾಣಲ್ಲ. ಕತ್ತಲೆ. ಮಾತಿಗೆ ಯಾರೂ ಇಲ್ಲ." ಮೂರನೇ ದಿನ ಮೇಷ್ಟ್ರದ್ದು: "ಬಚ್ಚಲಲ್ಲಿ ಏಳುವಾಗ ಮಂಡಿ ಹಿಡಿಯಿತು, ಬಕೆಟ್ ಹಿಡಿದು ಎದ್ದೆ." ಇದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ.

ಅಮ್ಮ ಹೇಳಿದರು: "ತಮ್ಮನ ಮನೇಲಿ ಅಡಿಗೆ ಮಾಡ್ತಾ ಎಲ್ಲರ ಹತ್ರ ಮಾತಾಡ್ತಾ ಇದ್ಲು ಅವನ ಹೆಂಡ್ತಿ. ಅದು ನೋಡಿ ಹೊಟ್ಟೆಗೆ ಏನೋ ಆಯ್ತಮ್ಮ." ಆ ಮನೆಯಲ್ಲಿ ಏಳು ಜನ ಇದ್ದಾರೆ. ಮಾತು ಬಂದದ್ದು ಆ ಏಳು ಜನರಿಂದ, ಗೋಡೆ ಇಲ್ಲದ್ದರಿಂದಲ್ಲ ಅಂತ ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ಅವರಿಗೇ ಗೊತ್ತಾಗಿತ್ತು. ನೋಟ್‌ಬುಕ್ಕನ್ನು ಮಡಿಲಲ್ಲಿಟ್ಟುಕೊಂಡು ಹಾಗೇ ನೆಲ ಸವರುತ್ತಾ ಕೂತಿದ್ದರು.

ಹಳೆಯದೆಲ್ಲ ಒಳ್ಳೆಯದು, ಕೈ ಹಚ್ಚಬೇಡಿ ಅಂತ ನಾನು ಹೇಳುತ್ತಿಲ್ಲ. ಸ್ಲ್ಯಾಬಿನಲ್ಲಿ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟು ಹಪ್ಪಳದ ಹಾಗೆ ಕಳಚುತ್ತಿದ್ದರೆ ಒಂದು ದಿನವೂ ತಡ ಮಾಡಬೇಡಿ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೋಗುತ್ತಿದ್ದರೆ, ಅದು ಅಗಲವಾಗುತ್ತಿದ್ದರೆ ತೋರಿಸಿ. ವಯಸ್ಸಾದವರಿರುವ ಮನೆಯಲ್ಲಿ ಬಚ್ಚಲು ಜಾರುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಇವೆಲ್ಲ ನಿಮ್ಮ ಮನೆ ನಿಮಗೆ ಹೇಳುವ ಮಾತು. ಅದಕ್ಕೆ ಸಾಲ ಮಾಡಿದರೂ ತಪ್ಪಿಲ್ಲ ಅಂತ ನಾನೇ ಹೇಳುತ್ತೇನೆ.

ಮೇಷ್ಟ್ರ ಮನೆಯಲ್ಲಿ ಮಾಡಿದ್ದು ಇಷ್ಟು. ಬಚ್ಚಲಿಗೆ ಜಾರದ ಟೈಲ್ಸು, ಗೋಡೆಗೆ ಹಿಡಿಕೆ, ಎತ್ತರದ ಕಮೋಡು. ತಾರಸಿಯ ನೀರು ಹೋಗುವ ಬಾಯಿ ಕಟ್ಟಿಕೊಂಡಿತ್ತು, ಬಿಡಿಸಿದೆವು. ಅಡುಗೆಮನೆಯ ಹಿತ್ತಲ ಕಡೆ ಒಂದು ಚಿಕ್ಕ ಕಿಟಕಿ ಇತ್ತು. ಅದರ ಕೆಳಗಿನ ಗೋಡೆಯನ್ನು ಎರಡು ಅಡಿ ಇಳಿಸಿ ಕಿಟಕಿಯನ್ನು ಉದ್ದ ಮಾಡಿದೆವು. ಅಗಲ ಮುಟ್ಟಲಿಲ್ಲ, ಹಾಗಾಗಿ ಕಿಟಕಿಯ ಮೇಲಿನ ಭಾರ ಹೊರುವ ಲಿಂಟಲ್ ಹಾಗೇ ಉಳಿಯಿತು. ಹತ್ತು ದಿನದ ಕೆಲಸ. ಮಗನ ಹೆಸರಲ್ಲಿ ಸಾಲ ಏಳಲಿಲ್ಲ. ನೆಲಕ್ಕೆ ಗಾರೆಯವರಲ್ಲಿ ಹಿರಿಯರೊಬ್ಬರು ಕೊಬ್ಬರಿ ಎಣ್ಣೆ ಬಟ್ಟೆಯಲ್ಲಿ ತಿಕ್ಕಿಕೊಟ್ಟರು, ಅದಕ್ಕೆ ಕೂಲಿ ತಗೊಳ್ಳಲಿಲ್ಲ. "ನಮ್ಮಪ್ಪ ಇಂಥ ನೆಲ ಹಾಕ್ತಿದ್ರು" ಅಂದರು.

ಮೊನ್ನೆ ಆ ಕಡೆ ಹೋದಾಗ ಒಳಗೆ ಇಣುಕಿದೆ. ಮಧ್ಯಾಹ್ನ ಮೂರೂವರೆ. ಅಮ್ಮ ಕಿಟಕಿಯ ಪಕ್ಕ ಮಣೆ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಹಿತ್ತಲ ಕರಿಬೇವಿನ ನೆರಳು ಮೊರದ ಮೇಲೆ ಬಿದ್ದಿತ್ತು. ಮೇಷ್ಟ್ರು ಹಾಲಿನ ಕುರ್ಚಿ ತಂದು ಅಡುಗೆಮನೆ ಬಾಗಿಲಲ್ಲಿ ಹಾಕಿಕೊಂಡು ಪೇಪರ್ ಗಟ್ಟಿಯಾಗಿ ಓದುತ್ತಿದ್ದರು. ನನ್ನನ್ನು ನೋಡಿ ಅಮ್ಮ ಇನ್ನೊಂದು ಮಣೆ ಸರಿಸಿದರು, ಒಂದು ಹಿಡಿ ಅವರೆಕಾಯಿ ನನ್ನ ಮುಂದೆಯೂ ಹಾಕಿದರು.