ಮಳೆಗಾಲದಲ್ಲಿ ಟಚ್ ಸ್ವಿಚ್ ತಾನಾಗಿಯೇ ಆನ್ ಆಗುವುದು ಯಾಕೆ?

ಪ್ರಶ್ನೆ: ನಮ್ಮ ಮನೆ ಮಲ್ಪೆಯಲ್ಲಿ. ಸಿಟೌಟಿನ ಎಲ್‌ಇಡಿ ದೀಪಕ್ಕೆ ಟಿಟಿಪಿ223 ಎಂಬ, ಮುಟ್ಟಿದ್ದನ್ನು ಗುರುತಿಸುವ ಪುಟ್ಟ ಮಾಡ್ಯೂಲ್‌ನಿಂದ ಟಚ್ ಸ್ವಿಚ್ ಮಾಡಿದ್ದೇನೆ. ಅದರ ಪ್ಯಾಡ್‌ನಿಂದ (ಬೆರಳು ಮುಟ್ಟುವ ಲೋಹದ ಜಾಗ) ವಯರ್ ಎಳೆದು ಹೊರಗೆ ಹಿತ್ತಾಳೆ ಬಿಲ್ಲೆಗೆ ಸೋಲ್ಡರ್ ಮಾಡಿದ್ದೇನೆ. ಬೇಸಿಗೆಯಲ್ಲಿ ಚೆನ್ನಾಗಿತ್ತು. ಈಗ ಜೋರು ಮಳೆ ಬಂದಾಗ ಯಾರೂ ಮುಟ್ಟದೆ ದೀಪ ಹೊತ್ತಿಕೊಳ್ಳುತ್ತದೆ. ಮಾಡ್ಯೂಲ್ ಹಾಳಾಗಿದೆಯಾ?

ಉತ್ತರ: ಮಾಡ್ಯೂಲ್ ಸರಿಯಾಗಿಯೇ ಇರುವ ಸಾಧ್ಯತೆ ಜಾಸ್ತಿ. ಹೊಸದು ತಂದು ಹಾಕಿದರೂ ಮುಂದಿನ ಮಳೆಗೆ ಇದೇ ಆಗುತ್ತದೆ. ನೋಡಬೇಕಾದದ್ದು ಆ ಹಿತ್ತಾಳೆ ಬಿಲ್ಲೆಯನ್ನು.

ಬೆರಳು ಯಾವುದು, ನೀರು ಯಾವುದು ಎಂದು ಈ ಸೆನ್ಸರ್‌ಗೆ ತಿಳಿಯುವುದಿಲ್ಲ. ಪ್ಯಾಡ್‌ಗೂ ಗ್ರೌಂಡ್‌ಗೂ ನಡುವೆ ಇರುವ ಕೆಪಾಸಿಟೆನ್ಸ್, ಅಂದರೆ ವಿದ್ಯುತ್ ಚಾರ್ಜ್ ಹಿಡಿದಿಡುವ ಸಾಮರ್ಥ್ಯ, ಎಷ್ಟು ಬದಲಾಯಿತು ಎಂದು ಮಾತ್ರ ಅದು ನೋಡುತ್ತದೆ. ಬೆರಳು ಹತ್ತಿರ ಬಂದರೆ ಅದು ಕೆಲವೇ ಪಿಕೋಫ್ಯಾರಡ್ (ಕೆಪಾಸಿಟೆನ್ಸಿನ ತೀರಾ ಸಣ್ಣ ಅಳತೆ) ಹೆಚ್ಚುತ್ತದೆ, ಅಷ್ಟೇ ಸಾಕು.

ಗಾಳಿಯ ತೇವವೇ ಕಾರಣ ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ಆದರೆ ತೇವ ನಿಧಾನವಾಗಿ ಏರುತ್ತದೆ. ಮುಟ್ಟದೆ ಇರುವಾಗ ಟಿಟಿಪಿ223 ಸುಮಾರು 4 ಸೆಕೆಂಡಿಗೊಮ್ಮೆ ತನ್ನ ಅಳತೆಯನ್ನು ಹೊಸದಾಗಿ ಹೊಂದಿಸಿಕೊಳ್ಳುತ್ತದೆ. ಹಾಗಾಗಿ ನಿಧಾನದ ಬದಲಾವಣೆ ಅದಕ್ಕೆ ದೊಡ್ಡ ತೊಂದರೆಯಲ್ಲ. ತೊಂದರೆ ಕೊಡುವುದು ದಿಢೀರನೆ ಹರಡುವ ನೀರಿನ ಪದರ. ಬಿಲ್ಲೆಯ ಮೇಲೆ ಒಂಟಿಯಾಗಿ ನಿಂತ ಹನಿ ಹೆಚ್ಚೇನೂ ಮಾಡುವುದಿಲ್ಲ. ಅದೇ ನೀರು ಹರಿದು ಪಕ್ಕದ ಸ್ಕ್ರೂ, ಕಬ್ಬಿಣದ ಗ್ರಿಲ್ ಅಥವಾ ಒದ್ದೆ ಗೋಡೆಯನ್ನು ಸೇರಿದರೆ, ಸೆನ್ಸರ್‌ಗೆ ಅದು ದೊಡ್ಡ ಅಂಗೈ ಇಟ್ಟ ಹಾಗೆ! ಮಲ್ಪೆಯಲ್ಲಿ ಇನ್ನೊಂದು ಸಂಗತಿಯೂ ಇದೆ. ಕಡಲ ಗಾಳಿಯ ಉಪ್ಪು ಎಲ್ಲದರ ಮೇಲೂ ಕೂರುತ್ತದೆ, ಆ ಉಪ್ಪು ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಉಪ್ಪುನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ಹೊರಗೆ ಒಣಗಿದಂತೆ ಕಂಡರೂ ತೆಳುವಾದ ಪದರ ಉಳಿದಿರಬಹುದು.

ಹಾಗಾಗಿ ಮೊದಲು ಬಿಲ್ಲೆಯನ್ನು ತೆಗೆದುಹಾಕಿ. ನೋಡಲು ಚೆಂದ ಇರಬಹುದು, ಆದರೆ ನಮ್ಮ ಕರಾವಳಿಯ ಮಳೆಗೆ ಬರಿಯ ಲೋಹ ಬೇಡ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಾಡ್ಯೂಲ್‌ನ್ನೇ 2 ರಿಂದ 3 ಮಿಲಿಮೀಟರ್ ದಪ್ಪದ ಅಕ್ರಿಲಿಕ್ ಅಥವಾ ಗಾಜಿನ ಹಿಂದೆ ಅಂಟಿಸಿ. ನಡುವೆ ಗಾಳಿ ಉಳಿಯಬಾರದು. ಗಾಳಿಯ ಸಂದು ಇದ್ದರೆ ಮುಟ್ಟಿದ್ದು ಸರಿಯಾಗಿ ತಿಳಿಯುವುದಿಲ್ಲ. ತೆಳುವಾದ ಡಬಲ್ ಸೈಡ್ ಟೇಪ್ ಸಾಕು. ಅಕ್ರಿಲಿಕ್ ಹಾಳೆಯನ್ನು ನೇರವಾಗಿ ನಿಲ್ಲಿಸಿ, ನೀರು ಇಳಿದುಹೋಗಲಿ. ಸ್ಕ್ರೂಗಳನ್ನು ಪ್ಯಾಡ್‌ನಿಂದ ದೂರ ಇಡಿ. ಉದ್ದದ ವಯರ್ ಕೂಡ ಬೇಡ, ವಯರೇ ಒಂದು ಪ್ಯಾಡ್‌ನಂತೆ ವರ್ತಿಸುತ್ತದೆ.

ಆಮೇಲೂ ಜಾಸ್ತಿ ಚುರುಕಾಗಿದ್ದರೆ ಮಾಡ್ಯೂಲ್‌ನಲ್ಲಿ ಖಾಲಿ ಬಿಟ್ಟಿರುವ ಕೆಪಾಸಿಟರ್ ಜಾಗದಲ್ಲಿ 10 ಪಿಕೋಫ್ಯಾರಡ್‌ನಿಂದ ಶುರುಮಾಡಿ. 50ರವರೆಗೆ ಏರಿಸಬಹುದು. ಈ ಪಿಕೋಫ್ಯಾರಡ್ ಅಂಕಿ ಹೆಚ್ಚಿದಷ್ಟೂ ಸೆನ್ಸರ್ ಮಂದವಾಗುತ್ತದೆ. ಬೋರ್ಡಿನ ಉಪ್ಪನ್ನು ಐಸೋಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಚೆನ್ನಾಗಿ ಒಣಗಿಸಿ, ಮೇಲೆ ಸರ್ಕ್ಯೂಟಿಗೆ ಹಚ್ಚುವ ಲೇಪ ಹಚ್ಚಿ. ಒರೆಸದೆ ಹಚ್ಚಿದರೆ ಉಪ್ಪು ಒಳಗೇ ಉಳಿಯುತ್ತದೆ.

ಕರೆಂಟ್ ಹೋಗಿ ಬಂದಾಗಲೂ ಗಮನಿಸಿ. ಪವರ್ ಬಂದ ಮೊದಲ ಅರ್ಧ ಸೆಕೆಂಡಿನಲ್ಲಿ ಚಿಪ್ ತನ್ನ ಮೂಲ ಅಳತೆ ತೆಗೆದುಕೊಳ್ಳುತ್ತದೆ. ಆಗ ಪ್ಯಾಡ್ ಮೇಲೆ ಬೆರಳಾಗಲಿ ನೀರಾಗಲಿ ಇದ್ದರೆ ಆ ಸ್ಥಿತಿಯನ್ನೇ ಸಹಜ ಎಂದು ತಿಳಿದುಕೊಳ್ಳುತ್ತದೆ.

ಕೋಡ್ ಬರೆಯಲು ಇಷ್ಟ ಇದ್ದರೆ ಇಎಸ್‌ಪಿ32 ಎಂಬ, ಪ್ರೋಗ್ರಾಮ್ ಮಾಡಬಹುದಾದ ಚಿಪ್ ಒಳ್ಳೆಯದು, ಅದರಲ್ಲಿ 10 ಟಚ್ ಪಿನ್‌ಗಳಿವೆ. ಒಂದು ಮಳೆಯ ದಿನ ಟಚ್ ಪಿನ್ ಓದುವ ಟಚ್‌ರೀಡ್ ಎಂಬ ಆದೇಶ ಕೊಡುವ ಅಂಕಿಯನ್ನು ಸುಮ್ನೆ ನೋಡುತ್ತಾ ಕೂರಿ. ಮುಟ್ಟಿದಾಗ ಎಷ್ಟು ಇಳಿಯುತ್ತದೆ, ಮಳೆಗೆ ಎಷ್ಟು ಇಳಿಯುತ್ತದೆ ಎಂದು ಕಾಣುತ್ತದೆ, ಅವೆರಡರ ನಡುವೆ ಮಿತಿ ಇಡಿ. ಇದರದ್ದೇ ಎಸ್‌2, ಎಸ್‌3 ಮಾದರಿಯ ಚಿಪ್‌ಗಳಲ್ಲಿ ಮುಟ್ಟಿದಾಗ ಅಂಕಿ ಏರುತ್ತದೆ, ಹೋಲಿಕೆಯನ್ನು ತಿರುಗಿಸಿ ಬರೆಯಬೇಕು.

ಬಾವಿಯ ಪಂಪಿಗೂ ಹೀಗೇ ಟಚ್ ಸ್ವಿಚ್ ಮಾಡೋಣ ಅನ್ನಿಸಿದರೆ ದಯವಿಟ್ಟು ಬೇಡ. ಅಲ್ಲಿ ಕೈ ಒದ್ದೆ, ನೆಲ ಒದ್ದೆ. ಜೊತೆಗೆ 230 ವೋಲ್ಟ್. ಅಲ್ಲಿಗೆ ರಬ್ಬರ್ ಮುಚ್ಚಳದ ಸಾಮಾನ್ಯ ಪುಶ್ ಬಟನ್ ಸ್ಟಾರ್ಟರೇ ಸರಿ.