ಪವರ್ ಕಂಡಿಷನರ್ ಕೊಳ್ಳುವ ಮುನ್ನ ಗೋಡೆಯ ಸಾಕೆಟ್ಟನ್ನು ಅಳೆಯಿರಿ

ಕಳೆದ ವರ್ಷ ಮಳೆಗಾಲಕ್ಕೆ ಇನ್ನೂ ಹದಿನೈದು ದಿನ ಇರುವಾಗ ತೀರ್ಥಹಳ್ಳಿ ಕಡೆಯ ತೋಟದ ಮನೆಯೊಂದಕ್ಕೆ ಹೋಗಿದ್ದೆ. ನಿವೃತ್ತ ಮೇಷ್ಟ್ರ ಮನೆ. ಮಲ್ಲಿಕಾರ್ಜುನ ಮನ್ಸೂರರ ಗಾಯನವೆಂದರೆ ಅವರಿಗೆ ಪ್ರಾಣ. ಬೆಂಗಳೂರಿನಲ್ಲಿರುವ ಮಗ ಅಪ್ಪನಿಗೆಂದು ಆಂಪ್ಲಿಫೈಯರ್, ಸ್ಪೀಕರ್ ತಂದುಕೊಟ್ಟಿದ್ದ. ಸ್ಪೀಕರಿನಲ್ಲಿ ಸಣ್ಣಗೆ ಗುಂಯ್‌ಗುಡುವ ಸದ್ದಿದೆ ಎಂದು ತಿಳಿದಾಗ ಅರವತ್ತು ಸಾವಿರ ರೂಪಾಯಿ ಕೊಟ್ಟು, ಉಪಕರಣಕ್ಕೆ ಹೋಗುವ ಕರೆಂಟನ್ನು ಹಸನು ಮಾಡುವ ವಿದೇಶಿ ಪವರ್ ಕಂಡಿಷನರ್ ಒಂದನ್ನೂ ಕಳುಹಿಸಿದ. ಅದನ್ನು ಜೋಡಿಸಿದ ಮೇಲೆ ಸದ್ದು ಅಡಗುವ ಬದಲು ಹೆಚ್ಚಾಯಿತು. ಜೊತೆಗೆ ಆಂಪ್ಲಿಫೈಯರಿನ ಲೋಹದ ಮೈ ಮುಟ್ಟಿದರೆ ಬೆರಳು ಜುಮ್ಮೆನ್ನತೊಡಗಿತು. "ಎರಡು ತಂಬೂರಿಗಳ ನಡುವೆ ಯಾರೋ ಮೂರನೆಯದನ್ನು ಬೇರೆ ಶ್ರುತಿಯಲ್ಲಿ ಮೀಟುತ್ತಾ ಕೂತ ಹಾಗಿದೆ ನೋಡಿ" ಎಂದರು ಮೇಷ್ಟ್ರು.

ಅವರ ಕಿವಿ ಸರಿಯಾಗಿಯೇ ಗುರುತಿಸಿತ್ತು. ನಮ್ಮ ಕರೆಂಟಿನ ಆವರ್ತನ 50 ಹರ್ಟ್ಸ್. ಹಾರ್ಮೋನಿಯಮ್ಮಿನ ಲೆಕ್ಕದಲ್ಲಿ ಅದು ತೀರಾ ಕೆಳಗಿನ ಸಪ್ತಕದ ಬಿಳಿ ಐದಕ್ಕಿಂತ ಕೂದಲೆಳೆಯಷ್ಟು ಮೇಲಿನ ಸ್ವರ. ಗಾಯಕರ ಷಡ್ಜ ಕಪ್ಪು ಒಂದರಲ್ಲಿದ್ದರೆ ಈ ಗುಂಯ್‌ಗುಡುವಿಕೆ ತೀವ್ರ ಮಧ್ಯಮದ ಹತ್ತಿರ ಬಂದು ಕೂರುತ್ತದೆ. ಶುದ್ಧ ಮಧ್ಯಮದ ರಾಗವೊಂದನ್ನು ಮನಸ್ಸಿಟ್ಟು ಕೇಳುವವರಿಗೆ ಇದಕ್ಕಿಂತ ದೊಡ್ಡ ಹಿಂಸೆ ಇನ್ನೊಂದಿಲ್ಲ.

ಸಾಕೆಟ್ಟಿನ ಮುಚ್ಚಳ ಬಿಚ್ಚಿದಾಗ ಕಾರಣ ಕಾಣಿಸಿತು. ಮೇಲಿನ ದೊಡ್ಡ ತೂತು ಅರ್ತಿನದು, ಅಂದರೆ ಭೂಮಿಗೆ ಸೇರುವ ತಂತಿಯದು; ಅದರ ಹಿಂದೆ ತಂತಿಯೇ ಇರಲಿಲ್ಲ. ಕಂಡಿಷನರಿನೊಳಗಿನ ಫಿಲ್ಟರಿನಲ್ಲಿ ಫೇಸಿನಿಂದ ಅರ್ತಿಗೊಂದು, ನ್ಯೂಟ್ರಲಿನಿಂದ ಅರ್ತಿಗೊಂದು ಸಣ್ಣ ಕೆಪಾಸಿಟರ್ ಇರುತ್ತದೆ. ತಂತಿಯಲ್ಲಿ ಬರುವ ಕಸವನ್ನು, ಅಂದರೆ ಬೇಡದ ವಿದ್ಯುತ್ ಗದ್ದಲವನ್ನು, ಭೂಮಿಗೆ ಇಳಿಸುವುದು ಅವುಗಳ ಕೆಲಸ. ಅರ್ತ್ ಇಲ್ಲದ ಮನೆಯಲ್ಲಿ ಅದೇ ಎರಡು ಕೆಪಾಸಿಟರ್‌ಗಳು ಸೇರಿ ಉಪಕರಣದ ಮೈಯನ್ನು 230ರ ಅರ್ಧಕ್ಕೆ, ಅಂದರೆ ಸುಮಾರು 115 ವೋಲ್ಟಿಗೆ ಎತ್ತಿ ನಿಲ್ಲಿಸುತ್ತವೆ. ಹರಿಯುವ ಕರೆಂಟು ತೀರಾ ಕಡಿಮೆಯಾದ್ದರಿಂದ ಬರೀ ಜುಮ್ಮೆನ್ನುತ್ತದೆ. ಆದರೆ ಆ ಸೋರಿಕೆ ಸುಮ್ಮನೆ ಕೂರುವುದಿಲ್ಲ. ಮೇಷ್ಟ್ರ ಮನೆಯಲ್ಲಿ ಟಿ.ವಿ.ಯ ಸೆಟ್ ಟಾಪ್ ಬಾಕ್ಸ್ ಕೂಡ ಆಂಪ್ಲಿಫೈಯರಿಗೆ ಜೋಡಣೆಯಾಗಿತ್ತು. ಡಿಶ್ಶಿನ ಕೇಬಲ್ ಅಂಗಳದ ಕಬ್ಬಿಣದ ಕಂಬಕ್ಕೆ, ಕಂಬ ನೆಲಕ್ಕೆ. ಸೋರಿದ ಕರೆಂಟಿಗೆ ಭೂಮಿ ಸೇರುವ ಹಾದಿ ಸಿಕ್ಕಿದ್ದು ಆಡಿಯೊ ಕೇಬಲ್ಲಿನ ಹೊರಜಾಲರಿಯ ಮೂಲಕ. ಹಾಡು ಹರಿಯುವ ತಂತಿಯಲ್ಲೇ ಅದೂ ಹರಿದರೆ ಸ್ಪೀಕರಿನಲ್ಲಿ ಕೇಳಿಸದೆ ಇರುತ್ತದೆಯೇ? ಮೊದಲು ಆಂಪ್ಲಿಫೈಯರಿನ ಸ್ವಂತ ಸೋರಿಕೆಯಷ್ಟೇ ಇತ್ತು. ಕಂಡಿಷನರ್ ತನ್ನದನ್ನೂ ಸೇರಿಸಿತು.

ಇಪ್ಪತ್ತಾರು ವರ್ಷಗಳಿಂದ ಶಿವಮೊಗ್ಗದಲ್ಲಿ ಆಡಿಯೊ ಉಪಕರಣಗಳ ರಿಪೇರಿ ಮಾಡುತ್ತಾ ಬಂದಿದ್ದೇನೆ. "ಯಾವ ಕಂಡಿಷನರ್ ಒಳ್ಳೆಯದು?" ಎಂದು ಕೇಳುವವರಿಗೆ ನಾನು ಮೊದಲು ಕೇಳುವ ಮರುಪ್ರಶ್ನೆ ಒಂದೇ: ನಿಮ್ಮ ಮನೆಯ ಕರೆಂಟಿಗೆ ಇರುವ ಕಾಯಿಲೆ ಯಾವುದು? ಪವರ್ ಕಂಡಿಷನರ್ ಎಂಬ ಹೆಸರಿನಲ್ಲಿ ಅಂಗಡಿಯವರು ಮಾರುವುದು ಒಂದೇ ವಸ್ತುವಲ್ಲ. ಸ್ಪೈಕನ್ನು, ಅಂದರೆ ವೋಲ್ಟೇಜಿನ ದಿಢೀರ್ ಹೊಡೆತವನ್ನು ತಡೆಯುವ ಪಟ್ಟಿ, ಕಸ ಸೋಸುವ ಫಿಲ್ಟರ್, ವೋಲ್ಟೇಜನ್ನು ಹದದಲ್ಲಿಡುವ ಸ್ಟೆಬಿಲೈಸರ್, ಉಪಕರಣವನ್ನು ಮನೆಯ ಲೈನಿನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್, ಕರೆಂಟನ್ನು ಪೂರ್ತಿ ಹೊಸದಾಗಿ ತಯಾರಿಸಿ ಕೊಡುವ ಆನ್‌ಲೈನ್ ಯು.ಪಿ.ಎಸ್. ಮತ್ತು ರೀಜನರೇಟರ್, ಇಷ್ಟೂ ಆ ಹೆಸರಿನಡಿ ಬರುತ್ತವೆ. ಒಂದರ ಕೆಲಸ ಇನ್ನೊಂದರಿಂದ ಆಗದು. ಮೇಷ್ಟ್ರ ಮಗ ಕೊಂಡದ್ದು ಫಿಲ್ಟರ್, ಮನೆಗೆ ಬೇಕಿದ್ದದ್ದು ಒಂದು ಅರ್ತ್ ಗುಂಡಿ.

ಆದ್ದರಿಂದ ಮೊದಲು ಮಲ್ಟಿಮೀಟರ್. ಇದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ, ಸಂಜೆ ಏಳರ ನಂತರ ಮತ್ತು ಮಲಗುವ ಮುನ್ನ ಒಂದು ವಾರ ಅಳೆದು ಚೀಟಿಯಲ್ಲಿ ಬರೆದಿಡಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ, ಫೇಸ್ ಮತ್ತು ಅರ್ತ್ ನಡುವೆ, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಹೀಗೆ ಮೂರು ಅಳತೆ. ಮೊದಲೆರಡು ಹೆಚ್ಚುಕಡಿಮೆ ಒಂದೇ ಇರಬೇಕು. ಮೂರನೆಯದು ಎರಡು ಮೂರು ವೋಲ್ಟಿನೊಳಗೆ ಇರಬೇಕು. ಮೂರನೆಯದು ಹತ್ತು ಹದಿನೈದು ತೋರಿಸಿದರೆ ನ್ಯೂಟ್ರಲಿನ ಜೋಡಣೆ ಎಲ್ಲೋ ಸಡಿಲಾಗಿದೆ ಅಥವಾ ಅರ್ತ್ ಸತ್ತಿದೆ ಎಂದರ್ಥ. ಡಿಜಿಟಲ್ ಮೀಟರು ಒಣಗಿದ ಅರ್ತನ್ನೂ ಚೆನ್ನಾಗಿದೆ ಎಂದು ತೋರಿಸಿಬಿಡುವುದುಂಟು. ಅದಕ್ಕೇ ಹಳಬರು ಫೇಸಿಗೂ ಅರ್ತಿಗೂ ನಡುವೆ 100 ವಾಟಿನ ಹಳೆಯ ಬಲ್ಬ್ ಹಾಕಿ ನೋಡುತ್ತಿದ್ದರು. ಬಲ್ಬ್ ಮಂಕಾದರೆ ಗುಂಡಿ ಒಣಗಿದೆ. ಮನೆಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. (ಕರೆಂಟು ಭೂಮಿಗೆ ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್ಚು) ಇದ್ದರೆ ಬಲ್ಬ್ ಹಾಕಿದ ಕೂಡಲೇ ಅದು ಬೀಳುತ್ತದೆ, ಬೀಳಲೇಬೇಕು.

ಇನ್ನು ವೋಲ್ಟೇಜಿನ ಮಾತು. ಹೇಳಿದ ಮಟ್ಟಕ್ಕಿಂತ ಶೇಕಡಾ 6ಕ್ಕೂ ಹೆಚ್ಚು ಏರಿಳಿಯಬಾರದು ಎಂದು 1956ರ ಭಾರತೀಯ ವಿದ್ಯುತ್ ನಿಯಮಗಳು ಹೇಳಿದ್ದವು. 230ಕ್ಕೆ ಅದು 216ರಿಂದ 244. ಟಿ.ಸಿ.ಯಿಂದ, ಅಂದರೆ ಊರಿನ ಟ್ರಾನ್ಸ್‌ಫಾರ್ಮರಿನಿಂದ ದೂರ ಇರುವ ತೋಟದ ಮನೆಗಳಲ್ಲಿ ಪಂಪ್‌ಸೆಟ್‌ಗಳು ಓಡುವ ಹೊತ್ತಿಗೆ 180 ನೋಡಿದ್ದೇನೆ. ಅದೇ ಲೈನು ನಡುರಾತ್ರಿಯಲ್ಲಿ 255 ತೋರಿಸಿದ್ದೂ ಇದೆ. ಪೇಟೆಯಲ್ಲಿ ಚಾವಣಿಯ ಸೋಲಾರ್ ಹೆಚ್ಚಿರುವ ಬೀದಿಗಳಲ್ಲಿ ಮಧ್ಯಾಹ್ನ ವೋಲ್ಟೇಜು ಏರುವುದು ಈಚಿನ ಬೆಳವಣಿಗೆ.

ಇಳಿದ ವೋಲ್ಟೇಜಿಗೆ ಜನ ಹೆದರುವಷ್ಟು ಹೆದರಬೇಕಿಲ್ಲ. 230 ಇದ್ದಾಗ 100 ವಾಟ್ ಕೊಡುವ ಸಾಮಾನ್ಯ ಆಂಪ್ಲಿಫೈಯರ್ 200ರಲ್ಲಿ ಸುಮಾರು 76 ವಾಟ್ ಕೊಟ್ಟೀತು. ಅಂಕಿಯಲ್ಲಿ ದೊಡ್ಡ ನಷ್ಟದಂತೆ ಕಾಣುತ್ತದೆ, ಆದರೆ ಡೆಸಿಬೆಲ್ಲಿನಲ್ಲಿ ಅದು 1.2 ಮಾತ್ರ. ಮನೆಯಲ್ಲಿ ನಾವು ಕೇಳುವ ಮಟ್ಟದಲ್ಲಿ ಆಂಪ್ಲಿಫೈಯರ್ ಐದಾರು ವಾಟ್ ದಾಟುವುದೇ ಅಪರೂಪವಾದ್ದರಿಂದ ಅದೂ ಗೊತ್ತಾಗುವುದಿಲ್ಲ. ಏರಿದ ವೋಲ್ಟೇಜು ನಿಜವಾದ ಶತ್ರು, ಅದರಲ್ಲೂ ಗಾಜಿನ ವಾಲ್ವುಗಳಿರುವ ಹಳೆಯ ಬಗೆಯ ವಾಲ್ವ್ ಆಂಪ್ಲಿಫೈಯರ್ ಇಟ್ಟುಕೊಂಡವರಿಗೆ. ವಾಲ್ವಿನ ಹೀಟರಿಗೆ ಬೇಕಾದದ್ದು 6.3 ವೋಲ್ಟ್, ಶೇಕಡಾ 10ರಷ್ಟು ಹೆಚ್ಚುಕಡಿಮೆಯನ್ನು ಅದು ಸಹಿಸುತ್ತದೆ. 220 ವೋಲ್ಟಿಗೆಂದು ಮಾಡಿದ ಉಪಕರಣವನ್ನು 250ರಲ್ಲಿ ಓಡಿಸಿದರೆ ಹೀಟರಿಗೆ 7.16 ಸಿಗುತ್ತದೆ. ಮಿತಿ ದಾಟಿತು. ವರ್ಷಗಟ್ಟಲೆ ಬಾಳಬೇಕಾದ ವಾಲ್ವುಗಳು ಬೇಗ ಸೋತುಹೋಗುವುದನ್ನು ನನ್ನ ಮೇಜಿನ ಮೇಲೆ ಎಷ್ಟೋ ಸಲ ನೋಡಿದ್ದೇನೆ. ಹಿಂಭಾಗದ ಫಲಕದಲ್ಲಿ 220 ಎಂದು ಬರೆದಿದೆಯೋ 230 ಎಂದೋ, ದಯವಿಟ್ಟು ಓದಿ.

ಇಂಥ ಕಡೆ ಸರ್ವೊ ಸ್ಟೆಬಿಲೈಸರ್ ಸರಿ. ಅದರಲ್ಲಿ ಸಣ್ಣ ಮೋಟಾರೊಂದು ಸುರುಳಿಯ ಮೇಲೆ ಕಾರ್ಬನ್ ಬ್ರಷ್ಷನ್ನು ಸರಿಸುತ್ತಾ ವೋಲ್ಟೇಜನ್ನು ಮೆಲ್ಲಗೆ ಹದಕ್ಕೆ ತರುತ್ತದೆ. ಫ್ರಿಜ್ಜಿಗೆ ಹಾಕುವ ರಿಲೇ ಸ್ಟೆಬಿಲೈಸರ್ ಟಕ್ ಟಕ್ ಎಂದು ಮೆಟ್ಟಿಲು ಹಾರುತ್ತದೆ. ಪ್ರತಿ ಹಾರಿಕೆಯೂ ಸ್ಪೀಕರಿನಲ್ಲಿ ಕೇಳಿಸಬಹುದು. ಆಡಿಯೊಗೆ ಅದು ಬೇಡ.

ಆದರೆ ಸ್ಟೆಬಿಲೈಸರಾಗಲಿ ಫಿಲ್ಟರಾಗಲಿ ಕಾಯಲಾರದ ಒಂದು ಅಪಾಯವಿದೆ. ನಮ್ಮ ಬೀದಿ ಲೈನುಗಳಲ್ಲಿ ನನಗೆ ಅತಿ ಹೆಚ್ಚು ಭಯವಿರುವುದು ಅದರದ್ದೇ. ಗಾಳಿಗೆ ಕೊಂಬೆ ಬಿದ್ದು ನ್ಯೂಟ್ರಲ್ ತಂತಿ ತುಂಡಾದರೆ ಮೂರು ಫೇಸಿನ ಲೈನಿನಲ್ಲಿ ಮನೆಗಳು ಒಂದಕ್ಕೊಂದು ಸರಣಿಯಾಗಿ ಬಂದು ನಿಲ್ಲುತ್ತವೆ. ಕಡಿಮೆ ಲೋಡಿರುವ ಮನೆಗೆ ಮುನ್ನೂರರ ಮೇಲೆ, ಒಮ್ಮೊಮ್ಮೆ 400ರ ಹತ್ತಿರ ವೋಲ್ಟೇಜು ನುಗ್ಗುತ್ತದೆ. ಸ್ಪೈಕ್ ಗಾರ್ಡಿನಲ್ಲಿರುವ ವಾರಿಸ್ಟರ್ ಎಂಬ ಬಿಲ್ಲೆ ಮೈಕ್ರೊಸೆಕೆಂಡಿನ ಹೊಡೆತವನ್ನು ನುಂಗಬಲ್ಲದು. ನಿಮಿಷಗಟ್ಟಲೆ ನಿಲ್ಲುವ ವೋಲ್ಟೇಜನ್ನು ನುಂಗಲು ಹೋದರೆ ಸುಟ್ಟು ಕರಕಲಾಗುತ್ತದೆ. ಅಂಥ ಪಟ್ಟಿಯೊಂದು ಮರದ ಶೋಕೇಸಿಗೆ ಹೊತ್ತಿಸಿದ ಬೆಂಕಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಇದಕ್ಕೆ ಮದ್ದು ಮನೆಯ ಸ್ವಿಚ್ಚುಗಳಿರುವ ಡಿ.ಬಿ. ಪೆಟ್ಟಿಗೆಯಲ್ಲಿ ಕೂರಿಸುವ ಓವರ್ ವೋಲ್ಟೇಜ್ ರಿಲೇ. ವೋಲ್ಟೇಜು 270 ದಾಟಿದರೆ ಸಂಪರ್ಕ ಕಡಿದು, ಸರಿಯಾದ ಮೇಲೆ ಸ್ವಲ್ಪ ತಡೆದು ಮತ್ತೆ ಜೋಡಿಸುತ್ತದೆ. ದುಬಾರಿ ಕಂಡಿಷನರಿನ ಆಸೆಗೆ ಬೀಳುವ ಮುನ್ನ ಇದನ್ನು ಹಾಕಿಸಿ ಎಂದು ನಾನು ಕೈಮುಗಿದು ಕೇಳುತ್ತೇನೆ.

ಧ್ವನಿ ಉತ್ತಮಗೊಳ್ಳುತ್ತದೆಯೇ? ಕಸ ನಿಜಕ್ಕೂ ಇರುವ ಲೈನಿನಲ್ಲಿ ಹೌದು. ಅಗ್ಗದ ಎಲ್.ಇ.ಡಿ. ಬಲ್ಬು, ಡಿಮ್ಮರ್, ಹಳೆಯ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಚೌಕ ತರಂಗದ ಇನ್ವರ್ಟರ್ ಇವೆಲ್ಲ ಲೈನಿಗೆ ಕರಕರ ತುಂಬುತ್ತವೆ. ಒಂದೊಂದಾಗಿ ಆರಿಸಿ ನೋಡಿ. ಯಾವುದನ್ನು ಆರಿಸಿದಾಗ ಸದ್ದು ನಿಲ್ಲುತ್ತದೋ ಅದನ್ನು ಬದಲಿಸುವುದು ಫಿಲ್ಟರಿಗಿಂತ ಅಗ್ಗ. ಲೈನು ಚೊಕ್ಕಟವಾಗಿರುವ ಕಡೆ, ಚೆನ್ನಾಗಿ ಕಟ್ಟಿದ ಆಂಪ್ಲಿಫೈಯರಿಗೆ ಕಂಡಿಷನರ್ ಸೇರಿಸಿದಾಗ ನನ್ನ ಕಿವಿಗೆ ವ್ಯತ್ಯಾಸ ಕೇಳಿಸಿಲ್ಲ. ಪರದೆಯ ಹಿಂದೆ ಬದಲಿಸುತ್ತಾ ಕೇಳಿಸಿದಾಗ ಗಿರಾಕಿಗಳೂ ಗುರುತಿಸಿಲ್ಲ. ಟ್ರಾನ್ಸ್‌ಫಾರ್ಮರೇ ಪೆಟ್ಟಿಗೆಯೊಳಗೆ ಗುಂಯ್‌ಗುಟ್ಟಿದರೆ ಅದು ಬೇರೆ ಸಂಗತಿ: ಲೈನಿನಲ್ಲಿ ಸ್ವಲ್ಪ ಡಿ.ಸಿ., ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು, ಬೆರೆತಿರಬಹುದು; ಆಗ ಅದನ್ನು ತಡೆಯುವ ಡಿ.ಸಿ. ಬ್ಲಾಕರ್ ಬೇಕು. ಅಮೆರಿಕದಿಂದ ತಂದ ಟರ್ನ್‌ಟೇಬಲ್ಲಿನಲ್ಲಿ ಕರೆಂಟಿನ ಆವರ್ತನಕ್ಕೆ ತಕ್ಕ ವೇಗದಲ್ಲೇ ತಿರುಗುವ ಸಿಂಕ್ರೊನಸ್ ಮೋಟಾರ್ ಇದ್ದರೆ ಅಲ್ಲಿನ 60 ಹರ್ಟ್ಸಿನ ಬದಲು ಇಲ್ಲಿನ 50ರಲ್ಲಿ ನಿಮಿಷಕ್ಕೆ 33⅓ ಸುತ್ತು ಸುತ್ತಬೇಕಾದದ್ದು 27.8 ಸುತ್ತು ಸುತ್ತುತ್ತದೆ. ಅದನ್ನು ಯಾವ ಫಿಲ್ಟರೂ ಸರಿಪಡಿಸದು. ಮೋಟಾರಿನ ರಾಟೆ ಬದಲಿಸಬೇಕು, ಇಲ್ಲವೇ ಆವರ್ತನ ಬದಲಿಸಬಲ್ಲ ರೀಜನರೇಟರ್ ಬೇಕು.

ಇಷ್ಟಾದ ಮೇಲೂ ಕೊಳ್ಳುವುದಾದರೆ ಅಳತೆ ನೋಡಿ ಕೊಳ್ಳಿ. ತಲಾ 100 ವಾಟಿನ ಎರಡು ಚಾನೆಲ್ ಇರುವ ಆಂಪ್ಲಿಫೈಯರಿಗೆ 1 ಕೆ.ವಿ.ಎ. ಧಾರಾಳ. ಹೋಮ್ ಥಿಯೇಟರ್, ಸಬ್‌ವೂಫರ್, ಟಿ.ವಿ. ಎಲ್ಲ ಸೇರಿದರೆ 2 ಕೆ.ವಿ.ಎ. ಇರಲಿ. ದೊಡ್ಡ ಟೊರಾಯ್ಡ್ (ಬಳೆಯಾಕಾರದ) ಟ್ರಾನ್ಸ್‌ಫಾರ್ಮರಿನ ಆಂಪ್ಲಿಫೈಯರ್ ಆನ್ ಮಾಡುವ ಗಳಿಗೆಯಲ್ಲಿ ಎಳೆಯುವ ಕರೆಂಟು ಬಹಳ ಹೆಚ್ಚು. ಅದಕ್ಕೆ ಎಂ.ಸಿ.ಬಿ. (ಕರೆಂಟು ಮಿತಿ ಮೀರಿದರೆ ಕಡಿಯುವ ಸ್ವಿಚ್ಚು) ಬೀಳುತ್ತಿದ್ದರೆ, ಇಂಥ ಕ್ಷಣಿಕ ಏರಿಕೆಯನ್ನು ಹೆಚ್ಚು ಸಹಿಸುವ ಸಿ ಕರ್ವಿನದನ್ನು ಹಾಕಿಸಿ. ಉಪಕರಣ 120 ವೋಲ್ಟಿನದಲ್ಲ, 230ರದ್ದೇ ಎಂದು ಖಚಿತ ಮಾಡಿಕೊಳ್ಳಿ. ಎಲ್ಲ ಉಪಕರಣಗಳೂ ಒಂದೇ ಪಟ್ಟಿಯಿಂದ ಕರೆಂಟು ಪಡೆಯಲಿ, ಆಂಪ್ಲಿಫೈಯರ್ ಒಂದು ಗೋಡೆ ಸಬ್‌ವೂಫರ್ ಇನ್ನೊಂದು ಗೋಡೆ ಆದರೆ ಗುಂಯ್‌ಗೆ ನೀವೇ ಬಾಗಿಲು ತೆರೆದಂತೆ. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿಸುವವರು ಒಂದು ಮಾತು ನೆನಪಿಡಿ: ಮನೆಯ ಆರ್.ಸಿ.ಸಿ.ಬಿ. ಅದರಾಚೆಯ ಸೋರಿಕೆಯನ್ನು ಕಾಣಲಾರದು, ಹೊಸ ನ್ಯೂಟ್ರಲನ್ನು ಅರ್ತಿಗೆ ಸೇರಿಸಿ ಅದರ ಮುಂದೆ ಇನ್ನೊಂದು ಆರ್.ಸಿ.ಸಿ.ಬಿ. ಕೂರಿಸಬೇಕು. ಗುಂಯ್ ನಿಲ್ಲಲಿ ಎಂದು ಪ್ಲಗ್ಗಿನ ಅರ್ತ್ ಪಿನ್ನನ್ನು ಕಿತ್ತುಹಾಕುವ ಅಭ್ಯಾಸ ಇನ್ನೂ ಇದೆ. ಜೀವಕ್ಕೆ ಎರವಾಗುವ ಕೆಲಸ ಅದು. ಯಾರು ಸಲಹೆ ಕೊಟ್ಟರೂ ಮಾಡಬೇಡಿ.

ಸಿಡಿಲಿಗೆ ಮಾತ್ರ ಪೆಟ್ಟಿಗೆಯ ಮದ್ದಿಲ್ಲ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಯಲ್ಲಿ ನನ್ನ ಅಂಗಡಿಗೆ ಬರುವ ಉಪಕರಣಗಳಲ್ಲಿ ಬಹುಪಾಲು ಸುಟ್ಟಿರುವುದು ಪವರ್ ಸಪ್ಲೈ ಅಲ್ಲ, ಎಚ್.ಡಿ.ಎಂ.ಐ. ಭಾಗ. ಹೊಡೆತ ಬಂದದ್ದು ಡಿಶ್ ಅಥವಾ ಇಂಟರ್‌ನೆಟ್ ಕೇಬಲ್ಲಿನಿಂದ. ಮೋಡ ಕಟ್ಟಿದ ಕೂಡಲೇ, ಗುಡುಗು ಹತ್ತಿರವಾಗುವ ಮೊದಲೇ, ಪ್ಲಗ್ಗಿನ ಜೊತೆ ಆ ಕೇಬಲ್ಲುಗಳನ್ನೂ ಕಳಚಿ.

ಮೇಷ್ಟ್ರ ಮನೆಯಲ್ಲಿ ಅಂಗಳದ ಮೂಲೆಗೆ ಗುಂಡಿ ತೋಡಿಸಿ, ಕಬ್ಬಿಣದ ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿಸಿ, ಸಾಕೆಟ್ಟಿನವರೆಗೆ ಹೊಸ ತಾಮ್ರದ ತಂತಿ ಎಳೆಸಿದೆ. ಜುಮ್ಮೆನ್ನುವುದು ಆ ಸಂಜೆಯೇ ನಿಂತಿತು. ಉಳಿದಿದ್ದ ಸಣ್ಣ ಗುಂಯ್ ಡಿಶ್ಶಿನ ದಾರಿಯದ್ದು. ಸೆಟ್ ಟಾಪ್ ಬಾಕ್ಸಿನಿಂದ ಆಂಪ್ಲಿಫೈಯರಿಗೆ ಲೋಹವಿಲ್ಲದ ಆಪ್ಟಿಕಲ್ ಕೇಬಲ್ ಹಾಕಿದಾಗ ಅದೂ ಹೋಯಿತು. ಕಂಡಿಷನರನ್ನು ಅಲ್ಲೇ ಬಿಟ್ಟು ಬಂದೆ, ಅರ್ತ್ ಸಿಕ್ಕ ಮೇಲೆ ಅದೂ ತನ್ನ ಕೆಲಸ ಮಾಡಬಲ್ಲದು. ಈ ಬೇಸಿಗೆಯಲ್ಲಿ ಫೋನ್ ಮಾಡಿದ್ದರು. ಬಾವಿಯಿಂದ ಎರಡು ಕೊಡ ನೀರು ತಂದು ವಾರಕ್ಕೊಮ್ಮೆ ಗುಂಡಿಗೆ ಹಾಕುತ್ತಿದ್ದಾರಂತೆ.