ಕಡಲ ಪ್ರವಾಸಕ್ಕೆ ದಿನ ಗೊತ್ತು ಮಾಡುವ ಮೊದಲು ತಿಥಿ ನೋಡಿ

ದೀಪಾವಳಿ ರಜೆ ಮುಗಿಯುತ್ತಿದ್ದಂತೆ ಹುಬ್ಬಳ್ಳಿ-ಧಾರವಾಡದ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಗದಗ, ಹಾವೇರಿಯಲ್ಲೂ ಅಷ್ಟೇ. ಪಟ್ಟಿಯಲ್ಲಿ ಯಾಣ, ಗೋಕರ್ಣ, ಮುರ್ಡೇಶ್ವರ, ಕಾರವಾರ ಇದ್ದೇ ಇರುತ್ತವೆ. ಬಸ್ಸು ಯಾವತ್ತು ಖಾಲಿ ಇದೆ, ಪರೀಕ್ಷೆ ಯಾವಾಗ, ರವಿವಾರ ಸೇರಿಸಿಕೊಂಡರೆ ಪಾಠ ಎಷ್ಟು ಉಳಿಯುತ್ತದೆ ಎಂಬ ಲೆಕ್ಕ ಹಾಕಿ ದಿನ ಗೊತ್ತಾಗುತ್ತದೆ. ಆ ದಿನ ಕಡಲು ಎಷ್ಟು ಗಂಟೆಗೆ ಇಳಿಯುತ್ತದೆ ಎಂದು ಕೇಳುವವರು ಕಡಿಮೆ.

ಹೀಗಾಗಿ ಮಕ್ಕಳು ದಂಡೆ ಮುಟ್ಟುವ ಹೊತ್ತಿಗೆ ನೀರು ತುಂಬಿರುತ್ತದೆ. ಬಂಡೆಗಳ ಮೇಲಿನ ಜೀವರಾಶಿಯೆಲ್ಲ ಮುಳುಗಿ ಕಣ್ಣಿಗೆ ಅಲೆಯೊಂದೇ ಬೀಳುತ್ತದೆ. ನೋಡಲು ಬೇರೇನೂ ಇಲ್ಲದಾಗ ಮಕ್ಕಳು ಅಲೆಗೇ ಇಳಿಯುತ್ತಾರೆ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ದಂಡೆಯಲ್ಲಿ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಇಳಿತದ ಹೊತ್ತು ನೋಡಿಕೊಂಡು, ಮಕ್ಕಳ ಕೈಗೆ ಮಾಡಲು ಒಂದು ಕೆಲಸ ಕೊಟ್ಟು ಕರೆದೊಯ್ದರೆ ಅವರ ಗಮನ ಬಂಡೆಗಳ ನಡುವೆ ನೀರು ನಿಂತ ಮೊಣಕಾಲು ಆಳದ ಗುಂಡಿಗಳ ಮೇಲೆ ಇರುತ್ತದೆ. ಮಕ್ಕಳ ಸುರಕ್ಷತೆಗೂ ಕಡಲಜೀವಿಗಳ ಉಳಿವಿಗೂ ಇದೊಂದೇ ದಾರಿ ಎನ್ನುವಷ್ಟು ಇದು ಮುಖ್ಯ.

ಲೆಕ್ಕ ಕಷ್ಟದ್ದಲ್ಲ. ನಮ್ಮ ಪಶ್ಚಿಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಹೊತ್ತು ದಿನದಿಂದ ದಿನಕ್ಕೆ ಸರಾಸರಿ 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುತ್ತ ಏರಿಳಿತ ಕಡಿಮೆ, ಆಗ ಬಂಡೆ ಸರಿಯಾಗಿ ತೆರೆದುಕೊಳ್ಳುವುದೇ ಇಲ್ಲ. ಕಾರವಾರ-ಗೋಕರ್ಣದ ಕಡೆ ಹುಣ್ಣಿಮೆ, ಅಮಾವಾಸ್ಯೆಯಂದು ಇಳಿತ ಬೆಳಿಗ್ಗೆಯೂ ಸಂಜೆಯೂ ಸುಮಾರು ನಾಲ್ಕೂವರೆಯಿಂದ ಐದರ ಹೊತ್ತಿಗೆ ಬರುತ್ತದೆ. ಹಾಗಾಗಿ ಒಂದೇ ದಿನದಲ್ಲಿ ಹೋಗಿ ಬರುವವರಿಗೆ ಚತುರ್ದಶಿ, ಹುಣ್ಣಿಮೆ ಅಥವಾ ಅಮಾವಾಸ್ಯೆಯ ಸಂಜೆ ಅನುಕೂಲ. ಒಂದು ರಾತ್ರಿ ಉಳಿಯುವವರು ಬಿದಿಗೆ, ತದಿಗೆ, ಚೌತಿಯನ್ನು ಆರಿಸಿಕೊಳ್ಳಲಿ. ಆಗ ಇಳಿತ ಬೆಳಗಿನ ಆರರಿಂದ ಎಂಟರೊಳಗೆ ಬೀಳುತ್ತದೆ, ಬಿಸಿಲೂ ಇರುವುದಿಲ್ಲ. ಗೋಡೆಯ ಕ್ಯಾಲೆಂಡರ್ ನೋಡಿ ಮೊದಲು ವಾರ ಗೊತ್ತು ಮಾಡಿ. ಆಮೇಲೆ ಕಡಲ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆಯಾದ ಹೈದರಾಬಾದಿನ ಇನ್‌ಕಾಯಿಸ್ (INCOIS) ತನ್ನ ಜಾಲತಾಣದಲ್ಲಿ ಕೊಡುವ ಉಬ್ಬರ-ಇಳಿತದ ಮುನ್ಸೂಚನೆಯಲ್ಲಿ ನಿಖರ ಹೊತ್ತನ್ನೂ ಎತ್ತರವನ್ನೂ ನೋಡಿಕೊಳ್ಳಿ. ಒಂದೇ ದಿನದ ಎರಡು ಇಳಿತ ಒಂದೇ ಮಟ್ಟಕ್ಕೆ ಹೋಗುವುದಿಲ್ಲವಾದ್ದರಿಂದ ತಿಥಿ ಒಂದನ್ನೇ ನಂಬಿದರೆ ಸಾಲದು. ಎತ್ತರ 0.5 ಮೀಟರಿಗಿಂತ ಕಡಿಮೆ ತೋರಿಸುವ ಇಳಿತವೇ ಬೇಕು. ಹೊರಡುವ ಹಿಂದಿನ ದಿನ ಎತ್ತರದ ಅಲೆಗಳ ಎಚ್ಚರಿಕೆ ಇದೆಯೇ ಎಂದು ಅಲ್ಲೇ ನೋಡಿ. ಇದ್ದರೆ ಬಂಡೆ ಕಾರ್ಯಕ್ರಮ ರದ್ದು. ಅದಕ್ಕೆ ಎರಡನೇ ಮಾತಿಲ್ಲ.

ಈಗ ಬಸ್ಸಿನ ಲೆಕ್ಕ. ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲ್ ಘಟ್ಟ ದಾಟಿ ಅಂಕೋಲಾ ಸುಮಾರು 130 ಕಿ.ಮೀ. ಮಕ್ಕಳ ಬಸ್ಸಿಗೆ, ನಾಷ್ಟಾ ಹಿಡಿದು, ನಾಲ್ಕು ಗಂಟೆ ಇಟ್ಟುಕೊಳ್ಳಿ. ಗದಗಿನವರು ಇನ್ನೂ ಒಂದೂವರೆ ಗಂಟೆ ಸೇರಿಸಿ. ಹಾವೇರಿಯವರಿಗೆ ಶಿರಸಿ, ದೇವಿಮನೆ ಘಟ್ಟದ ಮೇಲೆ ಕುಮಟಾ ಹತ್ತಿರ. ಘಟ್ಟ ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೊರಡಿ. ಬೆಳಗಿನ ಐದೂವರೆಗೆ ಹುಬ್ಬಳ್ಳಿ ಬಿಟ್ಟರೆ ಹತ್ತೂವರೆ-ಹನ್ನೊಂದಕ್ಕೆ ಗೋಕರ್ಣದ ಓಂ ಬೀಚ್ ಹತ್ತಿರ ಇರುತ್ತೀರಿ. ಹುಣ್ಣಿಮೆಯಂದು ಅದು ಪೂರ್ಣ ಉಬ್ಬರದ ಹೊತ್ತು. ಆಗ ಮೇಲಿನ ದಾರಿಯಿಂದ ಬಂಡೆಗಳನ್ನು ತೋರಿಸಿ, ನೀರು ಎಲ್ಲಿಯವರೆಗೆ ಬಂದಿದೆ ಎಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆಸಿ. ಊಟ, ದೇವಸ್ಥಾನ ಮುಗಿಸಿ ಮೂರೂವರೆ ಹೊತ್ತಿಗೆ ಅದೇ ಜಾಗಕ್ಕೆ ತಂದು ನಿಲ್ಲಿಸಿ. ಬೆಳಿಗ್ಗೆ ನೀರಿದ್ದ ಕಡೆ ಈಗ ಬಂಡೆಯ ಮೇಲೆ ಬಣ್ಣಬಣ್ಣದ ಪಟ್ಟಿಗಳು ಕಾಣುತ್ತವೆ. ಪುಸ್ತಕದ ಚಂದ್ರನ ಆಕರ್ಷಣೆ ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ಅರ್ಥವಾಗುವ ಜಾಗ ಇನ್ನೊಂದಿಲ್ಲ.

ಆ ಪಟ್ಟಿಗಳೇ ಪಾಠ. ತುದಿಯಲ್ಲಿ, ಅಲೆಯ ತುಂತುರು ಮಾತ್ರ ತಾಗುವಲ್ಲಿ, ಬಟಾಣಿ ಗಾತ್ರದ ಬಸವನಹುಳುಗಳು ಬಿರುಕಿನೊಳಗೆ ಗುಂಪಾಗಿ ಕೂತಿರುತ್ತವೆ. ಅದರ ಕೆಳಗೆ ಬೂದು ಬಣ್ಣದ ಒರಟು ಪದರ. ಅದನ್ನು ಕಲ್ಲಿನ ಗುಣ ಅಂದುಕೊಂಡು ಎಲ್ಲರೂ ತುಳಿಯುತ್ತಾರೆ, ಆದರೆ ಅದು ಬಾರ್ನಕಲ್ ಎಂಬ ಪ್ರಾಣಿಗಳ ಕೇರಿ. ಸಿಗಡಿ, ಏಡಿಗಳ ಬಳಗಕ್ಕೆ ಸೇರಿದ ಪ್ರಾಣಿ ಅದು. ಮರಿಯಾಗಿದ್ದಾಗ ಈಜಿಕೊಂಡು ಬಂದು, ತಲೆಯನ್ನೇ ಬಂಡೆಗೆ ಅಂಟಿಸಿಕೊಂಡು, ಸುತ್ತ ಸುಣ್ಣದ ಗೋಡೆ ಕಟ್ಟಿಕೊಳ್ಳುತ್ತದೆ. ಮುಂದೆ ಜೀವನಪೂರ್ತಿ ಅಲ್ಲೇ. ಇಳಿತದಲ್ಲಿ ಮೇಲಿನ ಬಾಗಿಲು ಮುಚ್ಚಿ ಒಳಗಿನ ತೇವದಲ್ಲಿ ಉಸಿರು ಹಿಡಿದಿರುತ್ತದೆ. ನೀರು ತುಂಬಿದ ಗುಂಡಿಯೊಳಗಿನ ಬಾರ್ನಕಲ್ ಹುಡುಕಿ, ನೆರಳು ಬೀಳಿಸದೆ ಎರಡು ನಿಮಿಷ ಕಾಯಿರಿ. ಬಾಗಿಲು ತೆರೆದು, ಗರಿಯಂಥ ಕಾಲುಗಳನ್ನು ಹೊರಚಾಚಿ ಒಳಗೆಳೆದುಕೊಳ್ಳುವುದು, ಮತ್ತೆ ಚಾಚುವುದು ಬರಿಗಣ್ಣಿಗೆ ಕಾಣುತ್ತದೆ. ಕಾಲಿನಿಂದ ನೀರು ಜಾಲಿಸಿ ತಿನ್ನುವ ರೀತಿ ಅದು. ಇದನ್ನು ಒಮ್ಮೆ ಕಂಡ ಮಗು ಮತ್ತೆ ಅದರ ಮೇಲೆ ಕಾಲಿಡಲು ಹಿಂಜರಿಯುತ್ತದೆ.

ಇನ್ನೂ ಕೆಳಗೆ ಕಲ್ಲಿಗೆ ಅಂಟಿದ ಕಲ್ವ, ಪಚ್ಚಿಲೆ ಎಂಬ ಚಿಪ್ಪುಜೀವಿಗಳು, ಪುಟ್ಟ ಟೋಪಿಯಂಥ ಲಿಂಪೆಟ್. ಲಿಂಪೆಟ್‌ನ ಚಿಪ್ಪಿನ ಅಂಚು ತಾನು ಕೂರುವ ಕಲ್ಲಿನ ಏರುತಗ್ಗಿಗೆ ತಕ್ಕಂತೆ ಬೆಳೆಯುತ್ತದೆ, ಪಾತ್ರೆಗೆ ಅದರದೇ ಮುಚ್ಚಳ ಕೂತ ಹಾಗೆ. ಹಲವು ಜಾತಿಗಳು ಪಾಚಿ ಮೇಯ್ದು ಅದೇ ಜಾಗಕ್ಕೆ ವಾಪಸ್ ಬರುತ್ತವೆ. ಚಾಕುವಿನಿಂದ ಎಬ್ಬಿಸಿ ಬೇರೆ ಕಡೆ ಇಟ್ಟರೆ ಅಂಚು ಕೂರುವುದಿಲ್ಲ. ಒಳಗಿನ ತೇವ ಆರಿ ಸಾಯುತ್ತದೆ. ‘ಎಲ್ಲಿಂದ ತೆಗೆದೆವೋ ಅಲ್ಲೇ ಹತ್ತಿರ ಬಿಟ್ಟೆವು’ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ.

ಕಲ್ಲು ಮಗುಚುವುದರಲ್ಲೂ ಇದೇ ಕಥೆ. ಸಣ್ಣ ಕಲ್ಲಿನ ಮೇಲ್ಭಾಗದಲ್ಲಿ ಬಿಸಿಲು ಬೇಕಾದ ಪಾಚಿ, ಕೆಳಭಾಗದಲ್ಲಿ ಬಿಸಿಲು ತಾಳದ ಸ್ಪಂಜು, ಹುಳು, ಮೊಟ್ಟೆಗಳ ಗೊಂಚಲು ಇರುತ್ತವೆ. ಮಗುಚಿ ಹಾಗೇ ಬಿಟ್ಟು ಹೋದರೆ ಎರಡೂ ಕಡೆಯ ಜೀವ ಹೋಗುತ್ತದೆ. ಶಿಕ್ಷಕರೊಬ್ಬರೇ ಕಲ್ಲು ಎತ್ತಲಿ, ಮುಷ್ಟಿಗಿಂತ ದೊಡ್ಡದು ಬೇಡ. ಅರ್ಧ ನಿಮಿಷದಲ್ಲಿ ಅದೇ ಕುಳಿಗೆ, ಅದೇ ಮೈ ಮೇಲಾಗಿ ನಿಧಾನ ಇಳಿಸಬೇಕು. ನಕ್ಷತ್ರ ಮೀನನ್ನು ಫೋಟೊಕ್ಕೆಂದು ಕಿತ್ತು ಗಾಳಿಯಲ್ಲಿ ಹಿಡಿದರೆ ಅದರ ಕೊಳವೆ ಕಾಲುಗಳು ಕಲ್ಲಿನಲ್ಲೇ ಹರಿದು ಉಳಿಯುತ್ತವೆ. ಖಾಲಿ ಶಂಖ ಸಿಕ್ಕಿದರೆ ಅದು ಸನ್ಯಾಸಿ ಏಡಿಯ ನಾಳಿನ ಮನೆ. ಮನೆ ಸಿಗದ ಏಡಿ ಬೆತ್ತಲಾಗಿ ಬೇರೆಯವರಿಗೆ ಆಹಾರವಾಗುತ್ತದೆ. ಹೀಗಾಗಿ ಚೀಲಕ್ಕೆ ಏನೂ ಬೀಳಬಾರದು. ಒಂದು ಬಸ್ಸಿನ ಐವತ್ತು ಮಕ್ಕಳು ತಲಾ ನಾಲ್ಕು ಶಂಖ ಒಯ್ದರೆ ಒಂದೇ ಸಂಜೆಗೆ 200 ಮನೆ ಹೋದಂತೆ. ಡಿಸೆಂಬರ್-ಜನವರಿಯಲ್ಲಿ ಅಲ್ಲಿ ಎಷ್ಟು ಬಸ್ಸು ನಿಲ್ಲುತ್ತವೆ ಎಂಬುದು ಎಲ್ಲರೂ ಕಂಡದ್ದೇ.

ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹವಳ, ಕಡಲ ಬೀಸಣಿಗೆ, ಕಡಲ್ಗುದುರೆ, ಕಡಲ ಸೌತೆ ರಕ್ಷಿತ ಜೀವಿಗಳು. ಸತ್ತು ಒಣಗಿದ್ದನ್ನು ಕೊಂಡು ತಂದರೂ ಅಪರಾಧವೇ. ವಿಜ್ಞಾನ ವಸ್ತುಪ್ರದರ್ಶನಕ್ಕೆ ಫಾರ್ಮಲಿನ್ ಬಾಟಲಿಯಲ್ಲಿ ನಕ್ಷತ್ರ ಮೀನು ಹಾಕಿಡುವ ಹಳೆಯ ರೂಢಿಯನ್ನು ನಮ್ಮ ಶಾಲೆಗಳು ಬಿಡುವುದು ಒಳ್ಳೆಯದು. ಫಾರ್ಮಲಿನ್ ಮಕ್ಕಳ ಕಣ್ಣಿಗೆ, ಉಸಿರಿಗೆ ಕೆಟ್ಟದ್ದು. ಬಣ್ಣ ಹೋದ ಆ ಪ್ರಾಣಿಯಿಂದ ಕಲಿಯುವುದೂ ಅಷ್ಟಕ್ಕಷ್ಟೆ.

ಅದರ ಬದಲು ಚೌಕಟ್ಟು ಒಯ್ಯಿರಿ. ಅರ್ಧ ಇಂಚಿನ ಪಿವಿಸಿ ಪೈಪ್ 2 ಮೀಟರ್, ನಾಲ್ಕು ಎಲ್ಬೋ, 5 ಮೀಟರ್ ನೈಲಾನ್ ದಾರ ಸಾಕು, ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತವೆ. ಒಳ ಅಳತೆ ನಾಲ್ಕೂ ಕಡೆ 50 ಸೆಂ.ಮೀ. ಬರುವಂತೆ ಕತ್ತರಿಸಿ; ಎಲ್ಬೋ ಕೂಡ ಸ್ವಲ್ಪ ಉದ್ದ ತಿನ್ನುತ್ತದೆ, ಅದಕ್ಕೆ ಅಂಟು ಹಾಕುವ ಮುಂಚೆ ಜೋಡಿಸಿ ಅಳೆದು ನೋಡಿ. ಪ್ರತಿ 10 ಸೆಂ.ಮೀ.ಗೆ ತೂತು ಕೊರೆದು ಉದ್ದಕ್ಕೂ ಅಡ್ಡಕ್ಕೂ ನಾಲ್ಕು ನಾಲ್ಕು ದಾರ ಬಿಗಿದರೆ 25 ಮನೆಗಳಾಗುತ್ತವೆ, ಒಂದೊಂದು ಮನೆ ಶೇ 4. ತೂತುಗಳಿಂದ ನೀರು ಒಳಹೋಗಿ ಚೌಕಟ್ಟು ಗುಂಡಿಯಲ್ಲಿ ಮುಳುಗುತ್ತದೆ. ತೂತಿಲ್ಲದಿದ್ದರೆ ತೇಲಿಕೊಂಡು ಕೈಗೆ ನಿಲ್ಲುವುದಿಲ್ಲ. ಬಾರ್ನಕಲ್ ಅರ್ಧಕ್ಕಿಂತ ಹೆಚ್ಚು ತುಂಬಿದ ಮನೆಗಳನ್ನು ಎಣಿಸಿ ನಾಲ್ಕರಿಂದ ಗುಣಿಸಿದರೆ ಎಷ್ಟು ಭಾಗ ಆವರಿಸಿದೆ ಎಂಬ ಅಂದಾಜು ಸಿಕ್ಕಿತು. ಬಸವನಹುಳು, ಲಿಂಪೆಟ್‌ಗಳನ್ನು ತಲೆ ಎಣಿಸಿ. ಮೇಲಿನ ಪಟ್ಟಿಯಲ್ಲಿ ಮೂರು, ನಡುವೆ ಮೂರು, ಕೆಳಗೆ ಮೂರು ಸಲ ಚೌಕಟ್ಟು ಇಡಿ. ಜೀವಿಗಳು ಹೆಚ್ಚಿರುವ ಜಾಗವನ್ನೇ ಆರಿಸುವುದು ಮಕ್ಕಳ ಸಹಜ ತಪ್ಪು, ಅದರಿಂದ ಲೆಕ್ಕವೆಲ್ಲ ಕೆಡುತ್ತದೆ. ಕಣ್ಣು ಮುಚ್ಚಿ ಚೀಟಿ ಎತ್ತಿ ಎಷ್ಟು ಹೆಜ್ಜೆಗೆ ಇಡಬೇಕೆಂದು ಗೊತ್ತು ಮಾಡಲಿ. ಹೊರಡುವ ಮೊದಲು ಶಾಲೆಯ ಮೈದಾನದಲ್ಲಿ ಗರಿಕೆ, ಪಾರ್ಥೇನಿಯಂ ಎಣಿಸಿ ಅಭ್ಯಾಸ ಮಾಡಿಸಿ. ಇಲ್ಲದಿದ್ದರೆ ಇಳಿತದ ಅಮೂಲ್ಯ ಹೊತ್ತು ವಿವರಣೆಯಲ್ಲೇ ಕಳೆದುಹೋಗುತ್ತದೆ.

ಬಂಡೆಗೆ ಇಳಿಯುವ ಕ್ರಮ: ಎಂಟು-ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು. ಇಳಿತದ ಹೊತ್ತಿಗೆ ಒಂದೂ ಕಾಲು ಗಂಟೆ ಮೊದಲು ಇಳಿಯಬೇಕು, ಇಳಿತ ಮುಗಿದ ಅರ್ಧ ಗಂಟೆಯೊಳಗೆ ಎಲ್ಲರೂ ಮೇಲೆ. ಕತ್ತಲಾಗುವಂತಿದ್ದರೆ ಅದಕ್ಕೂ ಮೊದಲು. ಒಬ್ಬರು ಮಾತ್ರ ಬಂಡೆ ನೋಡದೆ ಕಡಲನ್ನೇ ನೋಡುತ್ತ, ಕೊರಳಲ್ಲಿ ಸೀಟಿ ಹಾಕಿಕೊಂಡು ನಿಲ್ಲಲಿ. ಹಿಂದಿನ ಬಂಡೆಗೂ ದಂಡೆಗೂ ನಡುವಿನ ತಗ್ಗಿನಲ್ಲಿ ನೀರು ಮೊದಲು ತುಂಬುವುದರಿಂದ ಮುಂದೆ ನಿಂತವರಿಗೆ ದಾರಿ ಮುಚ್ಚಿದ್ದು ಗೊತ್ತಾಗುವುದಿಲ್ಲ. ಚಪ್ಪಲಿ ಬೇಡ, ಕ್ಯಾನ್ವಾಸ್ ಬೂಟು ಬೇಕು. ಹಸಿರು ಪಾಚಿ ಜಾರುತ್ತದೆ, ಕಲ್ವದ ಅಂಚು ಬ್ಲೇಡಿನಷ್ಟೇ ಹರಿತ. ನೀರಿನ ಮೇಲಿನ ತೆರೆ, ಹೊಳಪು ಅಡ್ಡ ಬಂದರೆ ತಳ ಪಾರದರ್ಶಕವಾಗಿರುವ ಪ್ಲಾಸ್ಟಿಕ್ ಡಬ್ಬಿಯನ್ನು ನೀರಿಗೆ ಒತ್ತಿ ಒಳಗಿನಿಂದ ನೋಡಿ. ಕೋನಾಕಾರದ ಚಿತ್ತಾರದ ಶಂಖ, ಕಡಲ ಹೂವಿನಂಥ ಮೆತ್ತನೆಯ ಜೀವಿಗಳು, ಲೋಳೆ ಮೀನು (ಜೆಲ್ಲಿಫಿಶ್), ಕಡಲ ಹಾವು ಇವನ್ನು ಮುಟ್ಟಲೇಬಾರದು. ಕೋನ್ ಶಂಖದೊಳಗೆ ವಿಷದ ಬಾಣ ಇರುತ್ತದೆ.

ಕಲ್ವದಿಂದ ಗಾಯವಾದರೆ ಕುಡಿಯುವ ನೀರಿನಿಂದ ಮರಳು ಹೋಗುವವರೆಗೆ ತೊಳೆದು ಔಷಧ ಹಚ್ಚಿ. ಎರಡು ದಿನದಲ್ಲಿ ಕೆಂಪು, ಬಾವು ಹೆಚ್ಚಾದರೆ ವೈದ್ಯರಿಗೆ ತೋರಿಸಿ, ಕಡಲ ನೀರಿನ ಗಾಯ ಎಂದು ಹೇಳುವುದನ್ನು ಮರೆಯಬೇಡಿ. ಲೋಳೆ ಮೀನು ತಾಗಿದರೆ ಕಡಲ ನೀರಿನಿಂದಲೇ ತೊಳೆಯಬೇಕು, ಮರಳು ಹಾಕಿ ಉಜ್ಜಬಾರದು. ತೊರಕೆ ಮೀನಿನ (ಸ್ಟಿಂಗ್‌ರೇ) ಮುಳ್ಳು ಪಾದಕ್ಕೆ ಚುಚ್ಚಿದರೆ ತಾಳಿಕೊಳ್ಳುವಷ್ಟು ಬಿಸಿಯಾದ, ಸುಮಾರು 45 ಡಿಗ್ರಿಯ ನೀರಿನಲ್ಲಿ ಅರ್ಧದಿಂದ ಒಂದೂವರೆ ಗಂಟೆ ಇಟ್ಟರೆ ನೋವು ತಗ್ಗುತ್ತದೆ. ಆದರೂ ಆಸ್ಪತ್ರೆಗೆ ಹೋಗಲೇಬೇಕು. ಬಸ್ಸಿನಲ್ಲಿ ಎರಡು ಥರ್ಮಾಸ್ ಬಿಸಿನೀರು ಇದ್ದರೆ ಸಾಕು, ಬೆರೆಸುವವರು ಮೊದಲು ತಮ್ಮ ಕೈಯಿಟ್ಟು ನೋಡಲಿ.

ಬಂಡೆ ಬೇಡ ಎನ್ನುವವರಿಗೆ ಅಘನಾಶಿನಿ ಅಳಿವೆ ಇದೆ. ಗದಗ ಜಿಲ್ಲೆಯ ಮಾಗಡಿ ಕೆರೆಯ ಜೊತೆಗೇ, 2024ರ ಜನವರಿಯಲ್ಲಿ, ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಪ್ರದೇಶವೆಂದು ಘೋಷಣೆಯಾದ ಜಾಗ ಅದು. ಇಳಿತದಲ್ಲಿ ಕೆಸರು ಬಯಲಾದಾಗ ಅಲ್ಲಿನ ಜನ ಕೈಯಿಂದ ಬಳಚು ಎಂಬ ಚಿಪ್ಪುಜೀವಿಗಳನ್ನು ಹೆಕ್ಕುತ್ತಾರೆ. ಅದು ಅವರ ಅನ್ನ. ಅವರ ಕೆಸರಿಗೆ ಮಕ್ಕಳನ್ನು ಇಳಿಸಬೇಡಿ, ದಡದಿಂದ ತೋರಿಸಿ. ಮಾಗಡಿಯಲ್ಲಿ ಪಟ್ಟೆತಲೆ ಬಾತುಗಳಿಗೆ ದೂರ ನಿಂತು ದುರ್ಬೀನು ಹಿಡಿಯುವ ಗದಗಿನ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಾಂಡ್ಲಾ (ಮ್ಯಾಂಗ್ರೋವ್) ಮರಗಳ ನಡುವೆ ನಡೆಯಬೇಕೆಂದರೆ ಹೊನ್ನಾವರದ ಕಾಸರಕೋಡಿನಲ್ಲಿ ಅರಣ್ಯ ಇಲಾಖೆಯ ಮರದ ಕಾಲುದಾರಿ ಇದೆ. ಉಸಿರಾಡುವ ಬೇರುಗಳನ್ನು ತುಳಿಯದೆ ಮೇಲಿನಿಂದ ನೋಡಬಹುದು. ಕಾರವಾರದ ಕೋಡಿಬಾಗದಲ್ಲಿ ಧಾರವಾಡದ್ದೇ ಆದ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. ಒಂದು ತಿಂಗಳು ಮೊದಲೇ ಪತ್ರ ಬರೆದು ವಿಚಾರಿಸಿ.

ಮರಳಿ ಬರುವಾಗ ಅಂಕೋಲಾ ದಾಟಿ ಹೆದ್ದಾರಿಯ ಪಕ್ಕ ಹರಿಯುವ ಗಂಗಾವಳಿಯನ್ನು ಮಕ್ಕಳಿಗೆ ತೋರಿಸಿ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲಾ, ಹುಬ್ಬಳ್ಳಿ ಕಡೆಯಿಂದ ಬರುವ ಕವಲು, ಎರಡೂ ಕಲಘಟಗಿ ಹತ್ತಿರ ಕೂಡಿ ಬೇಡ್ತಿಯಾಗಿ, ಮಾಗೋಡಿನಲ್ಲಿ ಧುಮುಕಿ, ಈ ಹೆಸರಿನಲ್ಲಿ ಕಡಲು ಸೇರುತ್ತವೆ. ನಮ್ಮ ಚರಂಡಿಗೆ ಬಿದ್ದ ಗುಟಕಾ ಚೀಟಿಗೂ ಅದೇ ದಾರಿ.

ವಾಪಸ್ ಬಂದ ವಾರದೊಳಗೆ ಒಂಬತ್ತು ಚೌಕಟ್ಟುಗಳ ಲೆಕ್ಕವನ್ನು ಸ್ತಂಭಾಲೇಖದಲ್ಲಿ ಬರೆಸಿ. ಹಾಳೆಯ ಮೇಲೆ ದಿನಾಂಕ, ತಿಥಿ, ಇಳಿತದ ಹೊತ್ತು, ಎತ್ತರ, ಬಂಡೆ ಯಾವುದು ಎಂಬ ಗುರುತು, ಒಂದು ಫೋಟೊ ಇರಲಿ. ಮುಂದಿನ ವರ್ಷದ ತಂಡ ಅದೇ ತಿಂಗಳು, ಅದೇ ತಿಥಿಗೆ, ಅದೇ ಬಂಡೆಯ ಮೇಲೆ ಚೌಕಟ್ಟು ಇಡಬೇಕು. ನಾಲ್ಕೈದು ವರ್ಷದ ಹಾಳೆಗಳು ಸೇರಿದರೆ ಯಾವ ಪಟ್ಟಿ ಸವೆಯುತ್ತಿದೆ, ಪ್ರವಾಸಿಗರು ಹೆಚ್ಚು ತುಳಿಯುವ ಕಡೆ ಬಾರ್ನಕಲ್ ಎಷ್ಟು ಉಳಿದಿದೆ ಎಂದು ಹೈಸ್ಕೂಲ್ ಮಕ್ಕಳೇ ಹೇಳಬಲ್ಲರು. ಹಾಳೆಗಳನ್ನು ಮುಖ್ಯಾಧ್ಯಾಪಕರ ಕಪಾಟಿನಲ್ಲಿ ಬೀಗ ಹಾಕಿ ಇಡದೆ ಪ್ರಯೋಗಾಲಯದ ಗೋಡೆಗೆ ಅಂಟಿಸಿ.